ಮೇ ತಿಂಗಳಲ್ಲಿ ಕೇಳಿದ ಚಳಿಗಾಲದ ಕೋಟು

"ಈ ವರ್ಷ ಯಾಕೆ ಯಾರೂ ನನ್ನ ಹತ್ರ ಏನೂ ಕೇಳ್ತಾನೇ ಇಲ್ಲ?"

ಗೆನ್ಯಾ ಅಜ್ಜಿ ಇದನ್ನು ಯಾರಿಗೂ ಹೇಳಲಿಲ್ಲ. ದಾರಿಬದಿಯಲ್ಲಿರುವ, ಯೇಸುವಿನ ತಾಯಿ ಮರಿಯಮ್ಮನ ಪುಟ್ಟ ಗುಡಿಯೆದುರು ಮೊಣಕಾಲೂರಿ, ಗಾಜಿನ ಜಾಡಿಗೆ ಲೈಲಾಕ್ ಹೂಗೊಂಚಲು ತುರುಕುತ್ತ ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಪಕ್ಕದಲ್ಲಿ ಬೆಂಚು ಒರೆಸುತ್ತಿದ್ದ ನನ್ನ ಕಿವಿಗೆ ಬಿತ್ತು, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು ಅದು. ಪೋಲೆಂಡಿನ ನಮ್ಮ ಹಳ್ಳಿಗಳಲ್ಲಿ ಮೇ ಎಂದರೆ ಮಾತೆಯ ತಿಂಗಳು. ಸಂಜೆಯಾದರೆ ಹೆಂಗಸರೆಲ್ಲ ಗುಡಿಯ ಮುಂದೆ ಸೇರಿ ಅವಳ ನಾಮಾವಳಿ ಹಾಡುತ್ತೇವೆ. ಒಬ್ಬರು ಹೆಸರು ಹೇಳುತ್ತಾರೆ, ಉಳಿದವರು ನಮಗಾಗಿ ಬೇಡಿಕೋ ತಾಯಿ ಎನ್ನುತ್ತಾರೆ. ಅಕ್ಷರ ಕಲಿಯುವ ಮೊದಲೇ ನಾನು ಆ ಹೆಸರುಗಳನ್ನು ಕಲಿತಿದ್ದೆ. ಇವತ್ತಿಗೂ ಎಲ್ಲಾದರೂ ಲೈಲಾಕಿನ ವಾಸನೆ ಬಂದರೆ ನನ್ನ ತುಟಿ ತಾನಾಗಿಯೇ ಅಲ್ಲಾಡುತ್ತದೆ.

ಅಜ್ಜಿಯ ಪ್ರಶ್ನೆ ನನಗೆ ಅರ್ಥವಾಗಿತ್ತು. ಅವರ ನೆಲಮಾಳಿಗೆಯಲ್ಲಿ ಹುಳಿಗೆ ಹಾಕಿದ ಎಲೆಕೋಸಿನ ದೊಡ್ಡ ಪೀಪಾಯಿ ಇದೆ. ಸರ್ಕಾರಿ ಬೇಸಾಯದ ಫಾರ್ಮು ನಡೆಯುತ್ತಿದ್ದ ಕಾಲದಲ್ಲಿ ಕೂಲಿಯವರ ವಠಾರ ತುಂಬಿ ತುಳುಕುತ್ತಿತ್ತು. ಯಾವಾಗ ನೋಡಿದರೂ ಯಾರೋ ಒಬ್ಬಳು ಬಸುರಿ. ಬಟ್ಟಲು ಹಿಡಿದು ಅಜ್ಜಿಯ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಜ್ಜಿ ಕೊಡುತ್ತಿದ್ದರು, ಅವಳು ಅಲ್ಲೇ ನಿಂತು ರಸ ಸುರಿಸಿಕೊಂಡು ತಿನ್ನುತ್ತಿದ್ದಳು, ಇಬ್ಬರೂ ನಗುತ್ತಿದ್ದರು.

ಕೊಡಲೇಬೇಕಿತ್ತು ಕೂಡ. ಬಸುರಿ ಹೆಂಗಸು ಏನು ಕೇಳಿದರೂ ಇಲ್ಲ ಎನ್ನಬಾರದು, ಇಲ್ಲ ಎಂದವರ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ಇಲಿ ಕಡಿಯುತ್ತದೆ ಎಂಬ ನಂಬಿಕೆ ನಮ್ಮದು. ಅಂಗಡಿಯ ಕಾಜಿಕ್ ಒಮ್ಮೆ ಕೊನೆಯ ನಿಂಬೆಹಣ್ಣನ್ನು ಬಚ್ಚಿಟ್ಟು, ಕೇಳಿದ ಬಸುರಿಗೆ ಇಲ್ಲ ಅಂದಿದ್ದನಂತೆ. ವಾರದೊಳಗೆ ಅವನ ಮದುವೆಯ ಪ್ಯಾಂಟು ಜರಡಿಯಾಯಿತೆಂದು ಜನ ಇನ್ನೂ ಹೇಳಿಕೊಂಡು ನಗುತ್ತಾರೆ.

ಆಮೇಲೆ ಫಾರ್ಮು ಮುಚ್ಚಿತು. ಜನ ಚದುರಿದರು. ಅಜ್ಜಿ ಮಾತ್ರ ಪ್ರತಿ ವರ್ಷ ಪೀಪಾಯಿ ತುಂಬಿಸುವುದನ್ನು ಬಿಡಲಿಲ್ಲ. ಆ ವರ್ಷ ಊರಿನಲ್ಲಿ ಒಬ್ಬಳು ಬಸುರಿ ಇದ್ದಳು. ಆದರೂ ಯಾರೂ ಬಟ್ಟಲು ಹಿಡಿದು ಬಂದಿರಲಿಲ್ಲ.

ಅವಳು ಹೊನೊರಾತಾ, ವಠಾರದ ಎರಡನೇ ಮಹಡಿಯವಳು. ಗಂಡ ವಿತೋಲ್ದ್ ಚಳಿಗಾಲದಲ್ಲಿ ಪರದೇಶಕ್ಕೆ ದುಡಿಯಲು ಹೋದವನು ಮೊದಮೊದಲು ಫೋನು ಮಾಡುತ್ತಿದ್ದ. ಕ್ರಮೇಣ ಅದೂ ನಿಂತಿತು. ಶಾಲೆಯಲ್ಲಿ ಕಸ ಗುಡಿಸುವ ಕೆಲಸ ಅವಳಿಗಿತ್ತು. ಶಾಲೆಯನ್ನೇ ಪಕ್ಕದ ಊರಿಗೆ ಸೇರಿಸಿದ ಮೇಲೆ ಅದೂ ಹೋಯಿತು. ಹೊಟ್ಟೆ ಎಲ್ಲರಿಗೂ ಕಾಣುತ್ತಿತ್ತು. ಆದರೆ ಅವಳು ತಾನಾಗಿ ಹೇಳದೆ ನಾವು ಬಾಯಿ ಬಿಡುವ ಹಾಗಿರಲಿಲ್ಲ. ದೃಷ್ಟಿಯಾಗುತ್ತದೆ ಎಂದು ನಮ್ಮಲ್ಲಿ ಹೆದರಿಕೆ. ಹೀಗೆ ಇಡೀ ಊರು ಕಣ್ಣು ಬಿಟ್ಟುಕೊಂಡೇ ಸುಮ್ಮನಿತ್ತು.

ಆ ಸಂಜೆ ಅವಳು ಬೆಂಚಿನ ತುದಿಯಲ್ಲಿ ಕೂತು ಹಾಡಿದಳು. ಕಾಲಿಗೆ ಗಂಡನ ದೊಡ್ಡ ಚಪ್ಪಲಿ. ಅದೂ ಬಿಗಿಯಾಗಿ ಪಾದದಲ್ಲಿ ಗೆರೆ ಮೂಡಿತ್ತು. ಹಾಡು ಮುಗಿದ ಮೇಲೆ ಅಜ್ಜಿಯ ಹತ್ತಿರ ಬಂದಳು.

"ಗೆನ್ಯಾ ಅಜ್ಜಿ, ಒಂದು ಕೇಳ್ಲಾ?"

ಅಜ್ಜಿಯ ಮುಖ ಮೇಣದಬತ್ತಿ ಹಚ್ಚಿದ ಹಾಗಾಯಿತು. "ಕೇಳು ಮಗಳೇ, ಕೇಳು! ಕೋಸು ಬೇಕಾ? ಸೌತೆಕಾಯೂ ಹಾಕಿದೀನಿ."

"ಅದಲ್ಲ. ನಿಮ್ಮ ಕಂದು ಕೋಟು. ಚಳಿಗಾಲದ್ದು, ದೊಡ್ಡದು."

ಅಜ್ಜಿ ಯಾಕೆ ಎಂದೂ ಕೇಳದೆ ಮನೆಗೆ ಓಡಿ ಕೋಟು ತಂದು ಅವಳ ತೋಳಿಗೆ ಹಾಕಿದರು. ಹೊನೊರಾತಾ ಅವರ ಕೈಗೆ ಮುತ್ತಿಟ್ಟು ಹೊರಟುಹೋದಳು.

ಆಗ ಬಂದಳು ಸೆವೆರಿನಾ. ಸುತ್ತಲಿನ ಹಳ್ಳಿಗಳಿಗೆಲ್ಲ ಅವಳೊಬ್ಬಳೇ ಸೂಲಗಿತ್ತಿ ನರ್ಸು. ಬಾಣಂತಿಯರ ಮನೆಗಳನ್ನು ಸುತ್ತಿ ಬರುವಷ್ಟರಲ್ಲಿ ದಿನಾ ಹಾಡು ಮುಗಿದಿರುತ್ತಿತ್ತು. ಮುಗಿದಿದ್ದೇ ಒಳ್ಳೆಯದಾಯಿತು ಎಂದು ಅಜ್ಜಿ ಛೇಡಿಸುತ್ತಿದ್ದರು, ಏಕೆಂದರೆ ಅವಳದು ಘೋರ ಅಪಸ್ವರ.

"ಕೇಳಿದ್ಯೇನೇ? ಕೊನೆಗೂ ಹೊನೊರಾತಾ ನನ್ನನ್ನ ಕೇಳಿದಳು! ಕೋಟು ಕೇಳಿದಳು!" ಎಂದರು ಅಜ್ಜಿ.

"ಕೋಟಾ? ಈ ಸೆಕೇಲಿ?"

"ಬಸುರಿ ಬಯಕೆ. ನಿನಗೇನು ಗೊತ್ತು?"

"ಬಸುರೀರ ಹೊರತು ನನಗೆ ಇನ್ನೇನೂ ಗೊತ್ತಿಲ್ಲ ಅಜ್ಜಿ. ಹುಳಿ ಬಯಸ್ತಾರೆ, ಸುಣ್ಣ ಬಯಸಿದವಳನ್ನೂ ನೋಡಿದೀನಿ. ಕೋಟು ಬಯಸಿದವಳನ್ನ ನೋಡಿಲ್ಲ."

ನನಗೆ ಆಗ ಹೊಳೆಯಿತು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ, ಕೂಲಿಗೆ ಜನರನ್ನು ಕರೆದೊಯ್ಯುವ ರಿಶೆಕ್‌ನ ವ್ಯಾನು ಜರ್ಮನಿಗೆ ಹೊರಡುವುದಿತ್ತು. ಅಲ್ಲಿ ಸ್ಟ್ರಾಬೆರಿ ಕೊಯ್ಲು. ಬೆಳಗಿನಿಂದ ಕತ್ತಲಾಗುವವರೆಗೆ ಸೊಂಟ ಬಗ್ಗಿಸಿ ಮಾಡುವ ಕೆಲಸ. ಬಸುರಿಯರನ್ನು ಅವನು ಹತ್ತಿಸಿಕೊಳ್ಳುವುದಿಲ್ಲ. ದೊಡ್ಡ ಕೋಟಿನೊಳಗೆ ಹೊಟ್ಟೆ ಕಾಣುವುದಿಲ್ಲ.

ನಾನು ಇದನ್ನು ಹೇಳಿದಾಗ ಅಜ್ಜಿ ಬೆಂಚಿನ ಮೇಲೆ ಕುಸಿದು ಕೂತರು. "ಅಯ್ಯೋ ತಾಯಿ! ನಾನೇ ಕೈಯ್ಯಾರೆ ಕೊಟ್ಟೆನಲ್ಲ!"

"ಕೊಡೋದು ಒಳ್ಳೇದೇ ಅಜ್ಜಿ," ಎಂದಳು ಸೆವೆರಿನಾ. "ಯಾಕೆ ಬೇಕು ಅಂತ ಒಂದು ಮಾತು ಕೇಳೋದು ಇನ್ನೂ ಒಳ್ಳೇದು. ಏಳಿ, ಹೋಗೋಣ."

ಮೂವರೂ ವಠಾರದ ಮೆಟ್ಟಿಲು ಹತ್ತಿದೆವು. ಹೊನೊರಾತಾ ಬಾಗಿಲು ತೆರೆದು, ಸೆವೆರಿನಾಳ ಚೀಲ ನೋಡಿ ಹಿಂದೆ ಸರಿದಳು. "ನನಗೆ ನರ್ಸು ಬೇಡ. ನನಗೆ ವಿಮೆ ಇಲ್ಲ. ದುಡ್ಡು ಕೊಡೋಕಾಗಲ್ಲ."

"ಬಸುರಿ ಹತ್ರ ವಿಮೆ ಕೇಳಬಾರದು ಅಂತ ನಮ್ಮ ದೇಶದಲ್ಲಿ ಕಾನೂನೇ ಇದೆ ಕಣೇ. ತಪಾಸಣೆ, ಹೆರಿಗೆ, ಬಾಣಂತನದ ಆರೈಕೆ ಎಲ್ಲ ಪುಕ್ಕಟೆ. ತೋಳು ಕೊಡು."

"ಪುಕ್ಕಟೆ ಅಂತ ಯಾವುದೂ ಇರಲ್ಲ ಸೆವೆರಿನಕ್ಕ."

"ನನ್ನ ಹಾಡು ಇದೆಯಲ್ಲ. ತೋಳು ಕೊಡು ಅಂದೆ."

ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದ ಸೆವೆರಿನಾಳ ಮುಖದಲ್ಲಿ ತಮಾಷೆ ಉಳಿಯಲಿಲ್ಲ. "ತಲೆ ನೋಯುತ್ತಾ? ಕಣ್ಣು ಮಂಜಾಗುತ್ತಾ?"

"ಎರಡೂ ಆಗುತ್ತೆ. ಹಸಿವಿಗೆ ಅಂದ್ಕೊಂಡೆ."

"ಹಸಿವೂ ಇದೆ, ಅದು ಬೇರೆ. ತಲೆನೋವು, ಕಣ್ಣಿಗೆ ಮಂಜು, ಈ ಊತ, ಇಷ್ಟು ಒತ್ತಡ. ಇದು ಬಸುರಿನ ಸುಸ್ತಲ್ಲ. ನೀನು ಆ ಸ್ಟ್ರಾಬೆರಿ ಹೊಲದಲ್ಲಿ ಬಗ್ಗಿದ್ದರೆ ನಿನ್ನ ಜೀವವೂ ಹೋಗ್ತಿತ್ತು, ಮಗುವಿನದೂ ಹೋಗ್ತಿತ್ತು. ಈಗಲೇ ಆಸ್ಪತ್ರೆಗೆ ಹೋಗ್ತಿದೀವಿ."

ಹೊನೊರಾತಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಹೋದರೆ ಎಲ್ಲ ಕೇಳ್ತಾರೆ. ಗಂಡ ಎಲ್ಲಿ, ಏನು ತಿಂತೀಯ ಅಂತ. ಬಡವಳು ಅಂತ ಬರ್ಕೊಂಡು ಮಗೂನ ಕಿತ್ಕೊಂಡರೆ?"

ಇಷ್ಟು ದಿನ ಅವಳ ಬಾಯಿ ಕಟ್ಟಿಹಾಕಿದ್ದು ಈ ಹೆದರಿಕೆ ಎಂದು ನಮಗೆ ಆಗ ತಿಳಿಯಿತು.

"ಬಡತನ ಒಂದೇ ಕಾರಣಕ್ಕೆ ತಾಯಿಂದ ಮಗು ಕಿತ್ಕೊಳ್ಳೋ ಹಾಗಿಲ್ಲ," ಎಂದಳು ಸೆವೆರಿನಾ. "ಬದಲಿಗೆ ನೆರವು ಕೊಡಬೇಕು. ಪಂಚಾಯತಿ ಕಚೇರಿಯ ನೆರವಿನ ವಿಭಾಗಕ್ಕೆ ನಿನ್ನ ಜೊತೆ ನಾನೇ ಬರ್ತೀನಿ. ದಿನಸಿ ಸಿಗುತ್ತೆ, ಹೆರಿಗೆಯಾದ ಮೇಲೆ ಮಗುವಿನ ಭತ್ಯೆ ಬರುತ್ತೆ. ಬರೋದು ತಡ ಆಗಬಹುದು. ಬಸುರಿನ ಶುರುವಿನಲ್ಲೇ ತಪಾಸಣೆಗೆ ಬಂದಿದ್ದರೆ ಇನ್ನೊಂದು ನೆರವೂ ಸಿಗ್ತಿತ್ತು. ಅದು ತಪ್ಪಿತು. ನಿನಗೆ ಸುಳ್ಳು ಹೇಳಲ್ಲ."

"ಮತ್ತೆ ವಿತೋಲ್ದ್..."

"ಎಲ್ಲಿದ್ದರೂ ಅವನು ಅಪ್ಪನೇ. ಖರ್ಚು ಕೊಡಬೇಕು ಅಂತ ಕೋರ್ಟಿನಲ್ಲಿ ಕೇಳಬಹುದು. ದುಡ್ಡು ತಗೊಳ್ಳದೆ ದಾರಿ ಹೇಳೋ ವಕೀಲರಿದ್ದಾರೆ. ಈ ಮನೇಲಿ ಒಬ್ಬಳೇ ಇರೋಕೆ ಭಯ ಅಂದರೆ ಪೇಟೆಯಲ್ಲಿ ಸನ್ಯಾಸಿನಿಯರು ನಡೆಸೋ ತಾಯಂದಿರ ಮನೆ ಇದೆ. ಹೆರಿಗೆಗೆ ಮೊದಲೂ ಇರಬಹುದು, ಆಮೇಲೂ ಇರಬಹುದು."

ಹೊನೊರಾತಾ ನೆಲ ನೋಡುತ್ತ ಕೇಳಿದಳು. "ಅಷ್ಟಾದರೂ ನನ್ನ ಕೈಲಿ ಸಾಕೋಕೆ ಆಗದೇ ಹೋದರೆ?"

ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಸೆವೆರಿನಾ ಕಣ್ಣಲ್ಲೇ ತಡೆದಳು.

"ಆಗ ಕಾನೂನಿನ ಪ್ರಕಾರ ಒಳ್ಳೆ ಮನೆಗೆ ದತ್ತು ಕೊಡೋ ದಾರಿಯೂ ಇದೆ. ಹೆರಿಗೆ ನೋವಲ್ಲಿ, ಅವಸರದಲ್ಲಿ ಯಾರೂ ಸಹಿ ಹಾಕಿಸಿಕೊಳ್ಳೋ ಹಾಗಿಲ್ಲ. ಯೋಚಿಸೋಕೆ ಸಮಯ ಕೊಡಲೇಬೇಕು. ಅದಕ್ಕೆ ಯಾರೂ ನಿನ್ನನ್ನ ಬಯ್ಯೋ ಹಾಗೂ ಇಲ್ಲ. ಏನು ಮಾಡಬೇಕು ಅನ್ನೋದು ನಿನ್ನ ತೀರ್ಮಾನ ಹೊನೊರಾತಾ. ಖಾಲಿ ಜೇಬು ನಿನ್ನ ಪರವಾಗಿ ತೀರ್ಮಾನ ಮಾಡಬಾರದು, ಅಷ್ಟೇ."

ಹೊನೊರಾತಾ ಅತ್ತಳು. ಅತ್ತು ಮುಗಿದ ಮೇಲೆ ಗೆನ್ಯಾ ಅಜ್ಜಿ ಕೇಳಿದರು. "ಪಕ್ಕದಲ್ಲೇ ಇದ್ದೆನಲ್ಲೇ. ಒಂದು ಬಟ್ಟಲು ಸಾರು ಕೇಳೋಕೂ ನಾನು ಬೇಡವಾದೆನಾ?"

"ಅದೇ ಕಷ್ಟ ಅಜ್ಜಿ. ನಾನು ಕೇಳಿದರೆ ನೀವು ಇಲ್ಲ ಅನ್ನೋ ಹಾಗಿಲ್ಲ. ಇಲ್ಲ ಅನ್ನಲಾರದವರ ಹತ್ರ ಕೇಳೋದು ಕಿತ್ಕೊಂಡ ಹಾಗಲ್ವಾ? ಎಲ್ಲರ ಮನೇಲೂ ಅಷ್ಟಕ್ಕಷ್ಟೇ."

ಅಜ್ಜಿ ಅವಳ ಊದಿದ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ಮಹಾಯುದ್ಧ ಮುಗಿದ ವರ್ಷ ನಮ್ಮಮ್ಮ ನನ್ನನ್ನ ಹೊಟ್ಟೇಲಿಟ್ಕೊಂಡು ಇಲ್ಲಿ ರೈಲಿಂದ ಇಳಿದಳು. ಎಲ್ಲೆಲ್ಲಿಂದಲೋ ಬಂದ ಜನ. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ಅಮ್ಮ ಒಂದು ಬಾಗಿಲು ತಟ್ಟಿ ಹುಳಿ ಏನಾದ್ರೂ ಇದೆಯಾ ಅಂತ ಕೇಳಿದಳು. ಕೊಟ್ಟವಳು ಅಮ್ಮನಿಗೆ ಅಕ್ಕನಾದಳು, ನನ್ನ ಮದುವೇಲಿ ಹಾಡಿದಳು. ಹಾಗೆ ಕೇಳಿ ಕೇಳಿಯೇ ಇದು ಊರಾಯ್ತು ಮಗಳೇ. ಇಲಿ ಕಥೆ ಜಿಪುಣರಿಗೆ. ನೀನು ಕೇಳದೇ ಇದ್ದಿದ್ದಕ್ಕೆ ನನ್ನ ಪೀಪಾಯಿ ಅನಾಥವಾಗಿ ಕೂತಿದೆ."

ಹೊನೊರಾತಾ ಎದ್ದು ಮುಖ ತೊಳೆದುಕೊಂಡಳು. ಕೋಟನ್ನು ಮಡಚಿ ಅಜ್ಜಿಗೆ ಕೊಟ್ಟಳು. "ನಡೀರಿ ಸೆವೆರಿನಕ್ಕ," ಎಂದಳು.

ಆಸ್ಪತ್ರೆಯಲ್ಲಿ ಅವಳನ್ನು ಕೆಲವು ದಿನ ಇಟ್ಟುಕೊಂಡರು. ಔಷಧಿಗೆ ಒತ್ತಡ ಇಳಿಯಿತು. ಮಗುವಿನ ಎದೆಬಡಿತ ಚೆನ್ನಾಗಿತ್ತು. ತಪ್ಪದೆ ತಪಾಸಣೆಗೆ ಬರಬೇಕು, ಭಾರದ ಕೆಲಸ ಮಾಡಕೂಡದು ಎಂದು ಹೇಳಿ ಶನಿವಾರ ಮನೆಗೆ ಕಳಿಸಿದರು.

ಭಾನುವಾರದ ಮಾತು ಹೇಳುವ ಮೊದಲು ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲಿ ಒಂದು ಬಿನ್ನಹ. ಅಕ್ಕತಂಗಿಯರೇ, ನೀವು ಯಾವ ಊರಿನವರೇ ಆಗಿರಿ, ನಿಮ್ಮ ಓಣಿಯಲ್ಲೂ ಒಬ್ಬ ಹೊನೊರಾತಾ ಇರಬಹುದು. ಅವಳು ಬಾಯಿ ಬಿಡಲಿ ಎಂದು ನಮ್ಮ ಹಾಗೆ ಕಾಯಬೇಡಿ. ಊಟವಾಯಿತಾ ಎಂದು ಕೇಳಿ. ಆರೋಗ್ಯ ಕಾರ್ಯಕರ್ತೆಯ ಹತ್ತಿರ ಕರೆದುಕೊಂಡು ಹೋಗಿ. ಕಚೇರಿಗೆ ಜೊತೆಯಲ್ಲಿ ಹೋಗಿ. ಹೊನೊರಾತಾ ನೀವೇ ಆಗಿದ್ದರೆ, ಇವತ್ತೇ ಯಾರಿಗಾದರೂ ಹೇಳಿ. ಊತ, ತಲೆನೋವು, ಕಣ್ಣಿಗೆ ಮಂಜು ಕಂಡರೆ ನಾಳೆ ನೋಡೋಣ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ನೀವು ಕೇಳುವುದು ಭಿಕ್ಷೆಯಲ್ಲ, ನಿಮಗೆ ಸಲ್ಲಬೇಕಾದದ್ದು. ಮೇ ಸಂಜೆಗಳಲ್ಲಿ ನಾವು ಆ ಮಹಾತಾಯಿಯ ಮುಂದೆ ಮಾಡುವುದಾದರೂ ಏನು? ಒಂದೊಂದು ಹೆಸರಿಗೂ ಕೇಳುತ್ತೇವೆ. ಕೇಳುವುದರಲ್ಲಿ ನಾಚಿಕೆ ಇದ್ದಿದ್ದರೆ ಪ್ರಾರ್ಥನೆಯೇ ಇರುತ್ತಿರಲಿಲ್ಲ.

ಭಾನುವಾರ ಪೂಜೆ ಮುಗಿಯಿತು. ಗೆನ್ಯಾ ಅಜ್ಜಿಯ ಅಂಗಳದಲ್ಲಿ ಕೋಟು ಗಾಳಿಗೆ ಒಣಗುತ್ತಿತ್ತು. ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು ಹೊನೊರಾತಾ ಬಟ್ಟಲಿನಿಂದ ಹುಳಿಕೋಸು ತಿನ್ನುತ್ತಿದ್ದಳು. ತಾನಾಗಿ ಕೇಳಿ ಹಾಕಿಸಿಕೊಂಡದ್ದು. ತೆಳು ಅಂಗಿಯಲ್ಲಿ ಹೊಟ್ಟೆ ಎಲ್ಲರಿಗೂ ಕಾಣುತ್ತಿತ್ತು. ರಿಶೆಕ್ ವ್ಯಾನು ತಂದು ಅಲ್ಲೇ ನಿಲ್ಲಿಸಿದ. ಒಂದು ಸೀಟು ಖಾಲಿ ಇತ್ತು.

"ಹೊನೊರಾತಾ, ನಾನೇನೂ ನೋಡಿಲ್ಲ ಅಂತ ಇಟ್ಕೋ. ಆ ಕೋಟು ಹಾಕ್ಕೊಂಡು ಹತ್ತು. ಒಬ್ಬಳು ಕಡಿಮೆಯಾದರೆ ಅಲ್ಲಿ ಯಜಮಾನ ನನ್ನ ತಲೆ ತಿಂತಾನೆ. ಮುಂಗಡ ಈಗಲೇ ಕೊಡ್ತೀನಿ. ಕೈ ಮುಗಿದು ಕೇಳ್ತೀನಿ, ಬಾ."

ಹೊನೊರಾತಾ ಕೋಟಿನ ಕಡೆ ನೋಡಿದಳು. ವ್ಯಾನಿನ ಕಡೆ ನೋಡಿದಳು. ಆಮೇಲೆ ಅಜ್ಜಿಯ ಕಡೆ.

"ನನ್ನ ಮುಖ ಏನು ನೋಡ್ತೀಯ? ಬಸುರಿ ನೀನು, ಅವನಲ್ಲ," ಎಂದರು ಗೆನ್ಯಾ ಅಜ್ಜಿ. "ಅವನಿಗೆ ಏನಂದರೂ ಯಾವ ಇಲಿಯೂ ಬರಲ್ಲ."

ಹೊನೊರಾತಾ ಬಾಯಲ್ಲಿದ್ದ ಕೋಸನ್ನು ನಿಧಾನವಾಗಿ ಅಗಿದು ನುಂಗಿದಳು. ಬೆರಳಿನ ರಸ ಒರೆಸಿಕೊಂಡಳು.

"ಇಲ್ಲ ರಿಶೆಕ್," ಎಂದಳು. "ಬರಲ್ಲ."