ಎರಡು ಬಡಿದರೆ ಸರಿ

ಮೇಸ್ತ್ರಿಗೆ ಮಾತು ಹೋದ ಮೇಲೆ ಮನೆ ತಣ್ಣಗಾಗುತ್ತದೆ ಎಂದು ಅಳಿಯ ಅಂದುಕೊಂಡಿದ್ದ. ಆಗಲಿಲ್ಲ. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು, ನಾಲಿಗೆ ಒದ್ದೆ ಚಿಂದಿಯ ಹಾಗೆ ಬಾಯೊಳಗೆ ಮಲಗಿತು, ಆದರೆ ಎಡಗೈ ಮಾತ್ರ ಗಟ್ಟಿಯಾಗಿ ಉಳಿಯಿತು. ಆ ಕೈಗೆ ಮಗಳು ಕನಿಕರಪಟ್ಟು ಅವನ ಗಾಡಿ ರಿಪೇರಿ ಶೆಡ್ಡಿನ ಒಂದು ಸ್ಪ್ಯಾನರ್ ಕೊಟ್ಟಳು. ಅವತ್ತಿನಿಂದ ಮೇಸ್ತ್ರಿ ಗಾಲಿಕುರ್ಚಿಯ ಕಬ್ಬಿಣದ ತೋಳಿಗೆ ಬಡಿದು ಮಾತಾಡತೊಡಗಿದ. ಒಂದು ಸಲ ಬಡಿದರೆ ತಪ್ಪು, ಎರಡು ಸಲ ಬಡಿದರೆ ಸರಿ. ಅನ್ನ ಮೆತ್ತಗಾದರೆ ಒಂದು. ಬಾಗಿಲು ಜೋರಾಗಿ ಹಾಕಿದರೆ ಒಂದು. ಶೆಡ್ಡಿನಲ್ಲಿ ಅಳಿಯ ಕೈ ಹಾಕಿದ ಪ್ರತಿ ನಟ್ಟಿಗೂ ಒಂದು. ಎರಡನೆಯ ಬಡಿತ ಬರುತ್ತದೇನೋ ಎಂದು ಅಳಿಯ ಕೈ ತಡೆದು ಕಾಯುತ್ತಿದ್ದ. ಬರುತ್ತಿರಲಿಲ್ಲ.

ಗುಡ್ಡದಾಚೆಯ ಊರಿನಲ್ಲಿ ವಯಸ್ಸಾದವರನ್ನು ಇಟ್ಟುಕೊಳ್ಳುವ ಒಂದು ಆಶ್ರಮವಿತ್ತು. ಅಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ಇವತ್ತು ಸಂಜೆಯೊಳಗೆ ಕರೆದುಕೊಂಡು ಬಂದರೆ ಸರಿ, ಇಲ್ಲದಿದ್ದರೆ ಸಾಲಿನಲ್ಲಿರುವ ಇನ್ನೊಬ್ಬರಿಗೆ ಕೊಟ್ಟುಬಿಡುತ್ತೇವೆ ಎಂದು ಅಲ್ಲಿನ ಮೇಲ್ವಿಚಾರಕಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು. ಮೇಸ್ತ್ರಿ ಬೇರೆ ಯಾರ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಹಿಂದೊಮ್ಮೆ ಟ್ಯಾಕ್ಸಿಗೆ ಕೂರಿಸಲು ಹೋದಾಗ ಡ್ರೈವರನ ಮೊಣಕೈಗೆ ಸ್ಪ್ಯಾನರಿನಿಂದ ಬಾರಿಸಿದ್ದ. ಹೋಗಬೇಕೆಂದರೆ ತನ್ನ ಹಳೇ ಪಿಕಪ್ಪಿನಲ್ಲೇ ಹೋಗಬೇಕು. ಪಿಕಪ್ಪಿನ ರೇಡಿಯೇಟರು ನೋಡಿದರೆ ಜರಡಿ. ಮೇಸ್ತ್ರಿ ವರ್ಷಗಟ್ಟಲೆ ಅದಕ್ಕೆ ಬೆಸುಗೆಯ ಮೇಲೆ ಬೆಸುಗೆ ಹಾಕಿ, ಕೊನೆಗೆ ಹಿತ್ತಾಳೆಗಿಂತ ಬೆಸುಗೆಯೇ ಹೆಚ್ಚಾಗಿತ್ತು. ‘ನಾನು ಸಾಯೋ ತನಕ ಇದಕ್ಕೂ ಸಾವಿಲ್ಲ’ ಅನ್ನುತ್ತಿದ್ದ. ಅದು ಸ್ವಲ್ಪ ಮುಂಚೆ ಸತ್ತಿತು. ಹೊಸದನ್ನು ಕೂರಿಸದೆ ಗುಡ್ಡದ ಏರು ಹತ್ತುವ ಮಾತೇ ಇರಲಿಲ್ಲ.

ಮುದುಕನಿಗೆ ಮಾತ್ರ ಬೇರೆ ಕಥೆ ಹೇಳಿದ್ದರು. ‘ಆಚೆ ಊರಿನಲ್ಲಿ ಒಬ್ಬ ಡಾಕ್ಟರ್ ಇದ್ದಾರಪ್ಪ, ಬಿದ್ದ ಕೈ ಎಬ್ಬಿಸ್ತಾರಂತೆ’ ಎಂದು ಮಗಳು ಹೇಳಿದಾಗ ಮೇಸ್ತ್ರಿ ಎರಡು ಸಲ ಬಡಿದಿದ್ದ, ಇನ್ನೊಮ್ಮೆ ಎರಡು ಸಲ ಬಡಿದಿದ್ದ. ಕಣ್ಣಲ್ಲಿ ನೀರೂ ಬಂದಿತ್ತು. ಲಕ್ವದವರಿಗೆ ಸುಮ್ಮಸುಮ್ಮನೆ ನೀರು ಬರುತ್ತದೆ ಎಂದು ಅಳಿಯ ಹೇಳಿ ಆ ವಿಷಯ ಮುಗಿಸಿದ.

ಹಾಗಾಗಿ ಬೆಳಿಗ್ಗೆಯೇ ಮೇಸ್ತ್ರಿಯ ಗಾಲಿಕುರ್ಚಿ ಶೆಡ್ಡಿನಲ್ಲಿ, ಪಿಕಪ್ಪಿನ ತೆರೆದ ಬಾನೆಟ್ಟಿನ ಎದುರು ಒಂದು ಮಗ್ಗುಲಿಗೆ, ಇಂಜಿನ್ನೂ ಡ್ರೈವರ್ ಬಾಗಿಲೂ ಕಾಣುವ ಹಾಗೆ ಬಂದು ನಿಂತಿತು. ಮೇಸ್ತ್ರಿಗೆ ಹುಮ್ಮಸ್ಸೋ ಹುಮ್ಮಸ್ಸು. ಅಳಿಯ ಕೆಳಗಿನ ತಿರುಪು ಬಿಚ್ಚಿ ತುಕ್ಕುನೀರು ಹರಿಸುವ ಮೊದಲೇ ಮೇಲಿನ ಪೈಪಿಗೆ ಕೈ ಹಾಕಿದ. ಟಣ್. ಫ್ಯಾನಿನ ಸುತ್ತಲಿನ ತಗಡು ಬಿಚ್ಚದೆ ರೇಡಿಯೇಟರು ಎತ್ತಲು ಹೋದ. ಟಣ್. ಹೊಸದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ. ಎರಡೂ ಕಡೆ ಪ್ಲಾಸ್ಟಿಕ್ ಡಬ್ಬ, ನಡುವೆ ಹಗುರ ಅಲ್ಯೂಮಿನಿಯಂ ಬಲೆ. ಟಣ್, ಅದೂ ಜೋರಾಗಿ.

“ಇದೇ ಸಿಕ್ಕಿದ್ದು ಮಾವ. ಹಿತ್ತಾಳೆದು ಈಗ ಯಾರೂ ಮಾಡಲ್ಲ” ಎಂದ ಅಳಿಯ. ಟಣ್.

ಅಳಿಯ ಮೂಲತಃ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದವನು. ಮದುವೆಯಾಗಿ ಮನೆಯಳಿಯನಾಗಿ ಬಂದ ಹೊಸದರಲ್ಲೇ, ಮೇಸ್ತ್ರಿ ಒಂದು ಲಾರಿಯ ಬಾನೆಟ್ಟು ಎತ್ತಿ, ನಾಲ್ಕು ಜನ ಗಿರಾಕಿಗಳ ಎದುರು, ‘ಅಳಿಯಂದ್ರೇ, ಆ ರೇಡಿಯೇಟರ್ ಮುಚ್ಚಳ ಸ್ವಲ್ಪ ತೆಗೀರಿ’ ಎಂದಿದ್ದ. ಬಹುವಚನ ಬಳಸಿದ್ದು ಅದೊಂದೇ ಸಲ. ಇಂಜಿನ್ ಕುದಿಯುತ್ತಿತ್ತು. ಅಳಿಯನಿಗೆ ಏನು ಗೊತ್ತು, ತೆಗೆದ, ಕುದಿನೀರು ಮುಖಕ್ಕೆ ಚಿಮ್ಮಿತು. ಎಡಗೆನ್ನೆಯಿಂದ ಕುತ್ತಿಗೆಯ ತನಕ ಚರ್ಮ ಹಾಲಿನ ಕೆನೆಯ ಹಾಗೆ ಎದ್ದು ಬಂತು. ‘ಇನ್ನು ಜನ್ಮದಲ್ಲಿ ಬಿಸಿ ಮುಚ್ಚಳ ಮುಟ್ಟಲ್ಲ, ಪಾಠ ಅಂದ್ರೆ ಇದು’ ಎಂದು ಮೇಸ್ತ್ರಿ ನಕ್ಕ. ಗಿರಾಕಿಗಳೂ ನಕ್ಕರು. ಆ ಕಡೆ ಮತ್ತೆ ಗಡ್ಡ ಹುಟ್ಟಲಿಲ್ಲ. ‘ಅರ್ಧಗಡ್ಡ’ ಎಂಬ ಹೆಸರು ಇಟ್ಟವನೂ ಮೇಸ್ತ್ರಿಯೇ. ಯಾರಾದರೂ ಹೊಸಬರು ಬಂದು ಇವನಾರು ಎಂದರೆ, ‘ಅಳಿಯ ಅಲ್ಲ, ಮಗಳ ಗಂಡ’ ಅನ್ನುತ್ತಿದ್ದ. ಆ ಗಾದೆ ಹಳೆಯದು. ಮೇಸ್ತ್ರಿಯ ಬಾಯಲ್ಲಿ ಅದು ಪ್ರತಿ ಸಲ ಹೊಸದಾಗಿ ಚುಚ್ಚುತ್ತಿತ್ತು.

ಹಾಗಿದ್ದರೂ ಅಳಿಯ ಕೆಲಸ ಕಲಿತ. ಮೇಸ್ತ್ರಿಯ ಪದ್ಧತಿಯನ್ನೇ ಕಲಿತ, ಬೇರೆ ಕಲಿಸುವವರು ಯಾರಿದ್ದರು. ಅದರಲ್ಲಿ ಒಂದು, ಜೋಡಿ ಬಟ್ಟೆ. ಇಂಜಿನ್ನಿನ ಯಾವ ಪೈಪು ಬಿಚ್ಚಿದರೂ ಅದರ ಬಾಯಿಗೆ ಬಟ್ಟೆ ತುರುಕಬೇಕು, ಧೂಳು ಹೋಗಬಾರದು. ಅದೇ ಬಟ್ಟೆಯಿಂದ ಹರಿದ ಇನ್ನೊಂದು ತುಂಡನ್ನು ಸ್ಟೇರಿಂಗಿಗೆ ಕಟ್ಟಬೇಕು. ತುರುಕಿದ್ದು ಅಕ್ಕ, ಕಟ್ಟಿದ್ದು ತಂಗಿ. ಅಕ್ಕ ಹೊರಗೆ ಬರದೆ ತಂಗಿಯನ್ನು ಬಿಚ್ಚುವ ಹಾಗಿಲ್ಲ. ಸ್ಟೇರಿಂಗಿನಲ್ಲಿ ತಂಗಿ ಇದ್ದರೆ ಇಂಜಿನ್ ಶುರು ಮಾಡುವ ಹಾಗಿಲ್ಲ. ಈ ಶೆಡ್ಡಿನಲ್ಲಿ ಬಟ್ಟೆ ಒಳಗೆ ಉಳಿದು ಕೆಟ್ಟ ಗಾಡಿ ಒಂದೂ ಇಲ್ಲ ಎಂಬುದು ಮೇಸ್ತ್ರಿಯ ಜಂಬ, ಮತ್ತು ಅದು ನಿಜವೂ ಆಗಿತ್ತು.

ಹಳೆಯದು ಹೊರಗೆ ಬಂದ ಮೇಲೆ ಅಳಿಯ ಹೆಂಡತಿಯ ಹಳೇ ನೈಟಿಯೊಂದನ್ನು ಹರಿದ. ಹಳದಿ ಬಣ್ಣ, ಕೆಂಪು ಹೂವು. ಒಂದು ತುಂಡನ್ನು ಸ್ಟೇರಿಂಗಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿದ. ಇಂಜಿನ್ನಿನಿಂದ ಜೋತುಬಿದ್ದ ಕೆಳಗಿನ ರಬ್ಬರ್ ಪೈಪಿನಿಂದ ತುಕ್ಕುನೀರು ತೊಟ್ಟಿಕ್ಕಿ ಸರಿಯಾಗಿ ಅವನ ಕಣ್ಣಿಗೇ ಬೀಳುತ್ತಿತ್ತು. ಬಟ್ಟೆ ತುರುಕಿದ. ನಿಲ್ಲಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಬೆರಳುದ್ದ ಒಳಕ್ಕೆ ಅದುಮಿದ. ನಿಂತಿತು.

ಅಷ್ಟು ಹೊತ್ತಿಗೆ ಪಕ್ಕದ ಪಂಕ್ಚರ್ ಅಂಗಡಿಯವನು ಟೀ ಲೋಟ ಹಿಡಿದು ಬಂದ. ಎಲ್ಲರಿಗೂ ಅವನು ಪಂಕ್ಚರಣ್ಣ. ಟ್ಯೂಬಿನ ಗಾಳಿ ನಿಲ್ಲಿಸುವುದು ಬಲ್ಲವನಿಗೆ ಬಾಯಿಯ ಗಾಳಿ ನಿಲ್ಲಿಸಲು ಬರುತ್ತಿರಲಿಲ್ಲ.

“ಏನ್ ಮೇಸ್ತ್ರಿ, ಮದುಮಗನ ಹಾಗೆ ಶೇವ್ ಮಾಡ್ಸ್ಕೊಂಡು ಕೂತಿದೀರಿ” ಎಂದ. ಟಣ್ ಟಣ್ ಎಂದು ಖುಷಿಯ ಉತ್ತರ ಬಂತು. “ಒಳ್ಳೇದು ಬಿಡಿ. ನನ್ನ ಷಡ್ಕನ ತಾಯಿನೂ ಅಲ್ಲೇ ಇದ್ದದ್ದು. ಊಟ ಟೈಮಿಗೆ ಸರಿಯಾಗಿ ಹಾಕ್ತಾರಂತೆ, ಟೀವಿನೂ ಇದೆಯಂತೆ. ಸಾಯೋ ತನಕ ಒಂದು ದಿನ ತಕರಾರು ಮಾಡ್ಲಿಲ್ಲ ಆ ಮುದುಕಿ.”

ಗಾಡಿಯ ಕೆಳಗೆ ಅಳಿಯನ ಕೈ ನಿಂತಿತು.

“ಅಂದ ಹಾಗೆ ಅರ್ಧಗಡ್ಡ, ಮೇಸ್ತ್ರಿ ಹೋದ್ಮೇಲೆ ಆ ಗಾಳಿ ಕಂಪ್ರೆಸರ್ ಯಾರಿಗೂ ಕೊಡ್ಬೇಡಪ್ಪ. ನಂಗೇ ಇರ್ಲಿ.”

“ನಿನ್ ಅಂಗಡಿ ಹತ್ರ ಯಾರೋ ಕಾಯ್ತಿದಾರೆ ನೋಡಣ್ಣ” ಎಂದ ಅಳಿಯ ಕೆಳಗಿನಿಂದಲೇ.

“ಯಾರೂ ಇಲ್ವಲ್ಲ.”

“ಬರ್ತಾರೆ. ಹೋಗು.”

ಪಂಕ್ಚರಣ್ಣ ಹೋದ. ಅಳಿಯ ಉಸಿರು ಬಿಗಿಹಿಡಿದು ಕಾದ. ಈಗ ಮುದುಕ ಶೆಡ್ಡು ಕಿತ್ತುಹೋಗುವ ಹಾಗೆ ಬಡಿಯುತ್ತಾನೆ, ಬೀದಿ ಸೇರುತ್ತದೆ, ಹಾಸಿಗೆ ಕೈ ತಪ್ಪುತ್ತದೆ ಅಂದುಕೊಂಡ. ಏನೂ ಇಲ್ಲ. ಬಂಪರಿನ ಕೆಳಗಿನಿಂದ ಗಾಲಿಕುರ್ಚಿಯ ಚಕ್ರ ಮತ್ತು ಮೇಸ್ತ್ರಿಯ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಅಲುಗಾಡಲಿಲ್ಲ. ಮುದುಕನ ತಲೆಗೆ ಹೋಗಿಲ್ಲ, ಬಚಾವ್, ಎಂದು ಅಳಿಯ ಅಂದುಕೊಳ್ಳುವಾಗಲೇ ಹೆಂಡತಿಯ ಚಪ್ಪಲಿಗಳು ಬಂದವು. ಗಾಡಿಯ ಬಾಗಿಲು ಕಿರ್ರೆಂದಿತು.

“ರೀ, ಸೀಟ್ ನೋಡಿದ್ರಾ? ಒಂದು ಬೆರಳು ಗ್ರೀಸು. ಇದರ ಮೇಲೆ ಅಪ್ಪನ್ನ ಕೂರ್ಸೋದಾ? ಇಲ್ಲೊಂದು ಬಟ್ಟೆ ಕಟ್ಟಿದೆ, ಒರೆಸ್ಲಾ?”

“ಒರೆಸು, ಒರೆಸು” ಎಂದ ಅಳಿಯ. ಅವನ ಕಿವಿ ಪೂರ್ತಿ ಗಾಲಿಕುರ್ಚಿಯ ಕಡೆಗಿತ್ತು. ಅವಳು ಏನು ಕೇಳಿದಳು, ತಾನು ಏನು ಹೇಳಿದೆ ಎನ್ನುವುದು ಅವನ ತಲೆಯ ಹೊರಗಡೆಯೇ ಹಾದುಹೋಯಿತು.

ಆಮೇಲೆ ಕೆಲಸ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗಿತು. ಹೊಸ ರೇಡಿಯೇಟರು ತನ್ನ ಜಾಗದಲ್ಲಿ ಕೂತಿತು, ಬೋಲ್ಟು ಹಿಡಿಯಿತು. ಕೆಳಗಿನ ಪೈಪನ್ನು ಕಣ್ಣಿಗೆ ಕಾಣದ ಸಂದಿಯಲ್ಲಿ ಬರೀ ಕೈಯಂದಾಜಿನಲ್ಲಿ ಏರಿಸಿ ಕ್ಲಿಪ್ಪು ಬಿಗಿದ. ಒಂದು ಬಡಿತವೂ ಇಲ್ಲ. ಮೇಲಿನ ಪೈಪು, ಫ್ಯಾನಿನ ತಗಡು. ಬಡಿತವಿಲ್ಲ. ನೀರು ತುಂಬಿದ. ಲೆಕ್ಕಕ್ಕಿಂತ ಬೇಗ ತುಂಬಿತು. ಹೊಸ ಡಬ್ಬ ಚಿಕ್ಕದಿರಬೇಕು ಅಂದುಕೊಂಡ. ಆಗಲೂ ಬಡಿತವಿಲ್ಲ. ಅಳಿಯನ ಬೆನ್ನು ತಾನಾಗಿ ನೆಟ್ಟಗಾಯಿತು. ಇಷ್ಟು ವರ್ಷದಲ್ಲಿ ಮುದುಕನ ಕಣ್ಣೆದುರು ಒಂದು ತಪ್ಪೂ ಇಲ್ಲದೆ ಮಾಡಿದ ಮೊದಲ ಕೆಲಸ. ಅದೂ ಇವತ್ತು. ಅವನಿಗೆ ಒಂದು ಗಳಿಗೆ ಮುದುಕನ ಮೇಲೆ ಪ್ರೀತಿಯಂಥದ್ದು ಬಂತು. ನಾವು ಕಳಿಸಿಬಿಡುವವರ ಮೇಲೆ ಪ್ರೀತಿ ಬರುವುದು ಸುಲಭ.

ಕೀಲಿ ತಿರುಗಿಸುವ ಮುಂಚೆ ಅಭ್ಯಾಸದಂತೆ ಸ್ಟೇರಿಂಗು ನೋಡಿದ. ತಂಗಿ ಇಲ್ಲ. ತಂಗಿ ಇಲ್ಲದಿದ್ದರೆ ಅಕ್ಕನೂ ಇಲ್ಲ. ಇಂಜಿನ್ ಶುರುವಾಯಿತು. ಶಾಖದ ಮುಳ್ಳು ಎದ್ದು ನಡುವೆ ನಿಂತಿತು.

“ಮಾವ, ಎಲ್ಲಾ ಸರಿ ಇದೆಯಾ?”

ಮೇಸ್ತ್ರಿ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಪ್ಯಾನರ್ ಎತ್ತಿದ. ಟಣ್. ಅಳಿಯ ಕಾದ. ಟಣ್.

“ಕೇಳಿದ್ಯಾ?” ಎಂದ ಅಳಿಯ ಹೆಂಡತಿಗೆ. “ಎರಡು ಬಡಿದ್ರು.”

“ಸಾಕು, ಗಾಡಿ ಹತ್ತಿ. ಹೊತ್ತಾಗುತ್ತೆ” ಎಂದಳು ಅವಳು. ದಿನಾ ಎತ್ತಿ ಇಳಿಸಿ ಅವಳ ಸೊಂಟ ಹೋಗಿತ್ತು. ಅಪ್ಪನನ್ನು ಬಾಗಿಲ ಪಕ್ಕಕ್ಕೆ ಕೂರಿಸಿ, ತಾನು ನಡುವೆ ಕೂತಳು. ಗಾಲಿಕುರ್ಚಿ, ಹಾಸಿಗೆ, ಬಟ್ಟೆಯ ಚೀಲ ಹಿಂದೆ.

ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗಿ ಹೋಯಿತು. ಏರು ಶುರುವಾಗಿ ಎರಡನೇ ಗೇರಿಗೆ ಬಂದ ಮೇಲೆ ಮುಳ್ಳು ಮೆಲ್ಲಗೆ ಮೇಲೆದ್ದಿತು. ಅಳಿಯ ನೋಡಿ ನೋಡದ ಹಾಗೆ ಇದ್ದ. ಮೂರನೇ ತಿರುವಿನಲ್ಲಿ ಅದು ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ನುಗ್ಗಿ ಗಾಜು ಮುಚ್ಚಿತು. ಗಾಡಿಯನ್ನು ಅಂಚಿಗೆ ಎಳೆದು ನಿಲ್ಲಿಸಿದ.

“ಹೊಸದು ತಾನೇ ಹಾಕಿದ್ದು?” ಎಂದಳು ಹೆಂಡತಿ.

ಅಳಿಯ ಇಳಿದು ಬಾನೆಟ್ಟು ಎತ್ತಿದ. ಕೆನ್ನೆಯ ಸುಟ್ಟ ಚರ್ಮ ಬಿಗಿದುಕೊಂಡಿತು. ಮುಚ್ಚಳ ಮುಟ್ಟಲಿಲ್ಲ, ಆ ಪಾಠವಂತೂ ಆಗಿತ್ತು. ಇಂಜಿನ್ ಆರುವ ತನಕ ಕಲ್ಲಿನ ಮೇಲೆ ಕೂತ. ಹೊತ್ತು ಇಳಿಯುತ್ತಿತ್ತು. ಆರಿದ ಮೇಲೆ ಕೆಳಗೆ ನುಗ್ಗಿ ಒಂದೊಂದೇ ಮುಟ್ಟಿ ನೋಡಿದ. ಮೇಲಿನ ಪೈಪು ಇನ್ನೂ ಬಿಸಿ, ಕೆಳಗಿನದು ತಣ್ಣಗೆ. ಕ್ಲಿಪ್ಪು ಬಿಚ್ಚಿ ಎರಡು ಬೆರಳು ತೂರಿಸಿದ. ಮೆತ್ತಗೆ ಏನೋ ಸಿಕ್ಕಿತು. ಎಳೆದ. ಹಳದಿ ಬಟ್ಟೆ, ಕೆಂಪು ಹೂವು. ಡ್ರೈವರ್ ಬಾಗಿಲಿಗೆ ಬಂದು ಒಳಗೆ ಕೂತಿದ್ದ ಹೆಂಡತಿಗೆ ತೋರಿಸಿದ.

“ಇದರ ಜೊತೆದು ಎಲ್ಲಿ? ಸ್ಟೇರಿಂಗಿಗೆ ಕಟ್ಟಿದ್ದು?”

“ಅದರಲ್ಲೇ ಅಲ್ವಾ ಸೀಟ್ ಒರೆಸಿದ್ದು? ನೀವೇ ಅಂದ್ರಲ್ಲ, ಒರೆಸು ಅಂತ. ಅಪ್ಪ ಎದುರಿಗೇ ಕೂತಿದ್ರು, ನಾನು ಬಿಚ್ಚೋದನ್ನೇ ನೋಡ್ತಿದ್ರು…”

ಇಬ್ಬರೂ ಆಚೆ ಬಾಗಿಲ ಪಕ್ಕದ ಸೀಟಿನ ಕಡೆ ತಿರುಗಿದರು. ಮೇಸ್ತ್ರಿಯ ಮುಖದ ಬದುಕಿದ್ದ ಅರ್ಧ ನಗುತ್ತಿತ್ತು. ಲಾರಿಯ ಮುಚ್ಚಳ ಹಾರಿದ ದಿನದ ಅದೇ ನಗು.

“ಅಪ್ಪಾ, ನಿಂಗೆ ಗೊತ್ತಿತ್ತಾ?”

ಸ್ಪ್ಯಾನರ್ ಬಾಗಿಲಿನ ತಗಡಿಗೆ ಬಿತ್ತು. ಟಣ್. ಟಣ್.

ಅಳಿಯನಿಗೆ ಸಿಟ್ಟು ಬರಬೇಕಿತ್ತು. ಅದಕ್ಕಿಂತ ಮೊದಲು ಶೆಡ್ಡಿನ ಆ ಎರಡು ಬಡಿತ ನೆನಪಾಯಿತು, ‘ಕೇಳಿದ್ಯಾ’ ಎಂದು ತಾನು ಹೆಂಡತಿಗೆ ಹೇಳಿದ್ದು ನೆನಪಾಯಿತು. ಆಮೇಲೆ ಬಂದದ್ದು ಸಿಟ್ಟಿಗಿಂತ ತಣ್ಣಗಿತ್ತು. ಪೈಪು ಕೂರಿಸಿದ, ಕ್ಲಿಪ್ಪು ಬಿಗಿದ. ಗಾಡಿಯ ಹಿಂದೆ ಎರಡು ಕ್ಯಾನು ನೀರಿತ್ತು. ಎರಡು ಕ್ಯಾನು ನೀರಿಲ್ಲದೆ ಏರು ಹತ್ತಬಾರದು ಎನ್ನುವುದು ಮೇಸ್ತ್ರಿ ಹೊಡೆದು ಕಲಿಸಿದ ಪಾಠ. ಮೇಸ್ತ್ರಿ ನೋಡನೋಡುತ್ತಿದ್ದಂತೆ ಎರಡನ್ನೂ ಸುರಿದ. ಲೆಕ್ಕಕ್ಕೆ ಸರಿಯಾಗಿ ಹಿಡಿಸಿತು. ಕೀಲಿ ತಿರುಗಿಸಿದ. ಮುಳ್ಳು ಎದ್ದು ನಡುವೆ ನಿಂತಿತು, ಅಲ್ಲೇ ಉಳಿಯಿತು.

ಮೇಸ್ತ್ರಿಯ ನಗು ಹೋಯಿತು. ತಗಡಿಗೆ ಬಡಿಯತೊಡಗಿದ. ಟಣ್. ನಿಂತು, ಟಣ್. ಮತ್ತೆ ನಿಂತು, ಟಣ್. ತಪ್ಪು, ತಪ್ಪು, ತಪ್ಪು.

ಅಳಿಯ ಇಳಿದು ಸುತ್ತಿ ಬಂದು ಆ ಬಾಗಿಲು ತೆರೆದ. ಮುದುಕನ ಎಡಗೈ ಹಿಡಿದು ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಬಿಡಿಸಿದ. ಮುದುಕನಿಗೆ ಇನ್ನೂ ಬಲವಿತ್ತು, ಕಿರುಬೆರಳು ಬಿಡಲೇ ಇಲ್ಲ. ಅದನ್ನು ಹಿಂದಕ್ಕೆ ಮಡಚಬೇಕಾಯಿತು.

“ಅದೊಂದು ಇರ್ಲಿ ಬಿಡ್ರೀ” ಎಂದಳು ಹೆಂಡತಿ.

“ಅಲ್ಲಿ ಗಲಾಟೆ ಮಾಡೋರನ್ನ ಇಟ್ಕೊಳ್ಳಲ್ಲ. ವಾಪಸ್ ಕಳಿಸ್ತಾರೆ. ಕೊಡ್ಲಾ?”

ಅವಳು ತನ್ನ ಸೊಂಟಕ್ಕೆ ಕೈ ಕೊಟ್ಟುಕೊಂಡು ಮುಂದಿನ ಗಾಜು ನೋಡಿದಳು.

“ಕೆಲಸ ಮುಗಿದ್ಮೇಲೆ ಸ್ಪ್ಯಾನರ್ ಪೆಟ್ಟಿಗೆಗೆ ಹೋಗ್ಬೇಕು” ಎಂದ ಅಳಿಯ ಮುದುಕನಿಗೆ. “ನೀವೇ ಹೇಳಿಕೊಟ್ಟಿದ್ದು ಮಾವ.” ಬಟ್ಟೆಯಲ್ಲಿ ಸ್ಪ್ಯಾನರನ್ನು ನೀಟಾಗಿ ಒರೆಸಿ, ಪೆಟ್ಟಿಗೆಯಲ್ಲಿ ಅದರ ಅಳತೆಯ ಜಾಗದಲ್ಲಿಟ್ಟು ಮುಚ್ಚಿದ.

ಉಳಿದ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿತು. ಮೇಸ್ತ್ರಿ ಬೆರಳ ಗೆಣ್ಣುಗಳಿಂದ ಬಾಗಿಲಿಗೆ ಬಡಿಯುತ್ತಲೇ ಇದ್ದ. ಎರಡನೇ ಗೇರಿನ ಸದ್ದಿನಲ್ಲಿ ಅದು ಅವನ ಮಗಳಿಗೂ ಕೇಳಿಸಲಿಲ್ಲ. ಗುಡ್ಡದ ನೆತ್ತಿಯಲ್ಲಿ ಕೆಳಗಿನ ಊರಿನ ತಗಡಿನ ಮಾಡುಗಳು ಕಂಡಾಗ ಅಳಿಯ ಮುಳ್ಳು ನೋಡಿದ. ನಡುವೆಯೇ ಇತ್ತು.

“ಎಲ್ಲಾ ಸರಿ ಇದೆ ಅಲ್ವಾ ಮಾವ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೇರು ಬದಲಿಸಿದ.