ಮುದ್ದೆ ಆರುವ ಮುನ್ನ

ಕೂಟಗಲ್ಲಿನಿಂದ ಎರಡು ಮೈಲಿ ಒಳಗಿರುವ ಅಂಕಯ್ಯನದೊಡ್ಡಿಯ ಸರ್ಕಾರಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದ ಬೋರಮ್ಮನಿಗೆ ದೊಡ್ಡ ಮನುಷ್ಯರ ಮೇಲೆ ಸಿಟ್ಟೇನೂ ಇರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿರುವವನಿಗೆ ಸ್ವಲ್ಪ ತೂಕವಾದರೂ ಇರಬೇಕು ಎಂಬುದು ಅವಳ ಎಣಿಕೆ. ಜಳ್ಳಿನ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ಮೊರದಲ್ಲಿಟ್ಟು ಗಾಳಿಗೆ ಹಿಡಿದರೆ ಅದರ ಪಾಡಿಗೆ ಅದು ಹಾರಿಹೋಗುತ್ತದೆ.

ಮಾರ್ಚ್ ತಿಂಗಳ ಕೊನೆ. ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದ ಸೊಸೆ ಚೈತ್ರಾ ಜಗಲಿಯ ಮೇಲೆ ಕೂತು, ಶಾಲೆಯ ವಾಟ್ಸಾಪ್ ಗುಂಪಿಗೆ ಬಂದ ಸುದ್ದಿಯನ್ನು ಅತ್ತೆಗೆ ಓದಿ ಹೇಳಿದಳು. ಪಠ್ಯಪುಸ್ತಕ ಹರಿಯದಂತೆ ಹಿಂದಿರುಗಿಸಬೇಕು. ಶುಕ್ರವಾರ ಪೋಷಕರ ಸಭೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಶಾಲಾ ವಾರ್ಷಿಕೋತ್ಸವ. ಏಪ್ರಿಲ್ ಹತ್ತಕ್ಕೆ ಫಲಿತಾಂಶ. ಐದನೇ ತರಗತಿ ಮುಗಿಸಿದವರು ಟಿ.ಸಿ.ಗೆ ಆಧಾರ್ ಜೆರಾಕ್ಸ್ ತರಬೇಕು. ಎಲ್ಲದರ ಕೆಳಗೆ ಆಮಂತ್ರಣ ಪತ್ರಿಕೆಯ ಫೋಟೊ.

ಪತ್ರಿಕೆಯಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಶಾಲೆಯಲ್ಲಿದ್ದ ಮಕ್ಕಳು ಇಪ್ಪತ್ತಾರು. ಉದ್ಘಾಟಿಸುವವರು ಒಬ್ಬರು, ಜ್ಯೋತಿ ಬೆಳಗುವವರು ಇನ್ನೊಬ್ಬರು. ದೀಪ ಮಾತ್ರ ಒಂದೇ. ಘನ ಉಪಸ್ಥಿತಿಯವರು ಹನ್ನೊಂದು ಮಂದಿ, ಅಂದರೆ ಸುಮ್ಮನೆ ಕೂರುವವರು. ಕಟ್ಟಕಡೆಗೆ, ಅಚ್ಚು ಹಾಕಿದ ಪ್ರೆಸ್ಸಿನ ಫೋನ್ ನಂಬರಿನ ಮೇಲೆ, ಇರುವೆ ಸಾಲಿನಂಥ ಒಂದು ಗೆರೆ: ‘ನಂತರ ಮಕ್ಕಳಿಂದ ಸಾಂಸ್ಕೃತಿಕ ಕಾರ್ಯಕ್ರಮ.’

“ನಂತ್ರ ಅಂದ್ರೆ ಎಷ್ಟೊತ್ಗೆ?” ಎಂದಳು ಬೋರಮ್ಮ.

“ಅದ್ ಬರ್ದಿಲ್ಲ ಅತ್ತೆ.”

“ಎಂಗ್ ಬರ್ದಾರು? ಇವ್ರ ನಾಲ್ಗೆ ಯಾವಾಗ ಸವೀತದೆ ಅಂತ ಇವ್ರಿಗೇ ಗೊತ್ತಿಲ್ಲ.”

ಬಾಗಿಲ ಮರೆಯಲ್ಲಿ ಮೊಮ್ಮಗಳು ನವ್ಯಶ್ರೀ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಆ ‘ನಂತರ’ದ ಅನುಭವ ಚೆನ್ನಾಗಿತ್ತು. ಮೂರನೇ ತರಗತಿಯಲ್ಲಿ ಗುಬ್ಬಚ್ಚಿಯಾಗಿದ್ದಳು. ಸನ್ಮಾನಗಳು ಮುಗಿಯುವ ಹೊತ್ತಿಗೆ ಕರೆಂಟು ಹೋಗಿತ್ತು. ನಾಲ್ಕನೆಯದರಲ್ಲಿ ನವಿಲಾದಳು, ಭಾಷಣ ಮುಗಿಯುವಷ್ಟರಲ್ಲಿ ಮದುವೆಮನೆಗೆ ಹೊತ್ತಾಯಿತೆಂದು ಶಾಮಿಯಾನದವರು ಮೈಕು ಬಿಚ್ಚಿಕೊಂಡು ಹೋದರು. ಆವತ್ತು ಮುಖದ ಬಣ್ಣ ತೊಳೆಯಲು ಬಿಡದೆ ಸಂಜೆಯವರೆಗೂ ನವಿಲಾಗಿಯೇ ಒಲೆಯ ಮುಂದೆ ಕೂತಿದ್ದಳು. ಈಗ ಐದನೆಯದು. ಈ ಶಾಲೆಗೆ ಅದೇ ಕೊನೆ ತರಗತಿ. ಜೂನಿಗೆ ಕೂಟಗಲ್ಲಿಗೆ ಹೋದರೆ ನೂರಾರು ಮಕ್ಕಳ ನಡುವೆ ಅವಳನ್ನು ವೇದಿಕೆಗೆ ಕರೆಯುವವರು ಯಾರು? ಕುಣಿದರೆ ಈ ಶನಿವಾರ, ಇಲ್ಲದಿದ್ದರೆ ಇಲ್ಲ.

ಈ ಸಲ ಅವಳು ರೇಷ್ಮೆಹುಳು. ನಯನಾ ಮೇಡಂ ಹದಿನೈದು ದಿನದಿಂದ ಕಲಿಸಿದ್ದರು. ಕಲಿಸಿದ್ದು ಅನ್ನುವುದಕ್ಕಿಂತ ಕಲಿತದ್ದು ಅನ್ನಬೇಕು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ, ತಿನ್ನುವುದು ಬಿಟ್ಟು ತಲೆ ಎತ್ತಿ ಅಲುಗದೆ ಹೇಗೆ ನಿಲ್ಲುತ್ತದೆ ಎಂದು ತೋರಿಸಿಕೊಟ್ಟವಳು ನವ್ಯಶ್ರೀಯೇ. ಅಮ್ಮ ನೋಡಬೇಕು ಎಂಬುದೊಂದೇ ಅವಳ ಹಟ. ಚೈತ್ರಾಳ ಕಷ್ಟವೂ ಅದೇ ಹುಳುವಿನದು. ಗಂಡ ಲಾರಿಯ ಮೇಲೆ. ಹುಳುಮನೆ ಅವಳೊಬ್ಬಳ ತಲೆಯ ಮೇಲೆ. ನಾಲ್ಕನೇ ಜ್ವರ ಎದ್ದ ಹುಳು, ಹಗಲೂ ರಾತ್ರಿ ಮೇಯುವ ಕಾಲ. ಮಧ್ಯಾಹ್ನ ಒಂದಕ್ಕೆ ಸೊಪ್ಪು ಬೀಳಲೇಬೇಕು. ಊರಿನ ಅರ್ಧ ತಾಯಂದಿರದೂ ಅದೇ ಪಾಡು.

ಶುಕ್ರವಾರ ಸಂಜೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಪ್ರಕಾಶ್ ಬೈಕಿನ ಹ್ಯಾಂಡಲಿಗೆ ನಾಲ್ಕು ನಾಟಿಕೋಳಿ ತಲೆಕೆಳಗಾಗಿ ತೂಗುಹಾಕಿಕೊಂಡು ಅಡಿಗೆಮನೆಗೆ ಬಂದ. ಮಕ್ಕಳಿಗೆ ಚಿತ್ರಾನ್ನ ಸಾಕು, ಗೆಸ್ಟುಗಳಿಗೆ ಮಾತ್ರ ಕೋಳಿಸಾರು, ಮುದ್ದೆ. ಹೆಡ್‌ಮೇಷ್ಟ್ರ ರೂಮಿನಲ್ಲಿ ಬಾಳೆಲೆ ಹಾಕಬೇಕು, ಎರಡು ಗಂಟೆಗೆ ಸರಿಯಾಗಿ ಮುದ್ದೆ ಕಟ್ಟಬೇಕು ಎಂದ. ಶಾಲೆಯಲ್ಲಿ ಕೋಳಿ ಕುಯ್ಯೋದಾ ಎಂದು ಬೋರಮ್ಮ ಕೇಳಿದ್ದಕ್ಕೆ, ಮಕ್ಕಳಿಗೆಲ್ಲ ಬ್ಯಾಗು ಕೊಡುತ್ತಿರುವುದು ಬಿಡದಿ ಕಡೆ ಲೇಔಟ್ ಮಾಡಿರುವ ಸಾಹೇಬರು, ಅವರಿಗೆ ಚಿತ್ರಾನ್ನ ಹಾಕೋಕಾಗುತ್ತಾ ಎಂದು ನಕ್ಕ. ಬ್ಯಾಗುಗಳನ್ನು ಬೋರಮ್ಮ ಆಗಲೇ ನೋಡಿದ್ದಳು. ಒಂದೊಂದರ ಮೇಲೂ ಆ ಸಾಹೇಬನ ಮುಖ, ಕೈಮುಗಿದುಕೊಂಡು. ಮಕ್ಕಳು ಊರೆಲ್ಲ ಅವನನ್ನು ಬೆನ್ನ ಮೇಲೆ ಹೊತ್ತು ತಿರುಗಬೇಕು.

ಶನಿವಾರ ಹತ್ತಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ಮೂವತ್ತೊಂದರಲ್ಲಿ ಹದಿಮೂರು. ಒಬ್ಬೊಬ್ಬರಿಗೂ ಹಾರ, ಶಾಲು, ಪೇಟ. ಪೇಟ ಎಂಟೇ ಇದ್ದುದರಿಂದ ತೊಟ್ಟವರ ತಲೆಯಿಂದಲೇ ತೆಗೆದು ಮುಂದಿನವರಿಗೆ ಇಟ್ಟು ಫೋಟೊ ಹೊಡೆದರು. ಆಮೇಲೆ ಮಾತು ಶುರುವಾಯಿತು. ಮೊದಲನೆಯವನು ಶಿಕ್ಷಣದ ಮಹತ್ವ ಹೇಳಿದ. ಎರಡನೆಯವನು, ಹಿಂದೆ ಮಾತಾಡಿದವರು ಎಲ್ಲ ಹೇಳಿರುವುದರಿಂದ ತಾನು ಹೇಳುವುದೇನಿಲ್ಲ ಎಂದು ಶುರುಮಾಡಿ ಇಪ್ಪತ್ತು ನಿಮಿಷ ಹೇಳಿದ. ಮೂರನೆಯವನು ಪಂಚಾಯ್ತಿಯ ಮಾಜಿ ಸದಸ್ಯ. ಈ ಶಾಲೆಯಲ್ಲೇ ಓದಿದವನು. ನಾಲ್ಕನೇ ತರಗತಿಯಲ್ಲಿ ಎರಡು ಸಲ ಕೂತವನು ಎಂಬುದು ಬೋರಮ್ಮನಿಗೆ ನೆನಪಿತ್ತು. ಮಕ್ಕಳೇ ದೇಶದ ಭವಿಷ್ಯ ಎಂದು ಅವನು ಕೂಗುತ್ತಿದ್ದಾಗ, ಆ ಭವಿಷ್ಯ ಬಿಳಿ ಬನಿಯನ್ನು, ಬಿಳಿ ಪ್ಯಾಂಟು ತೊಟ್ಟು ವೇದಿಕೆಯ ಪಕ್ಕದ ಬಿಸಿಲಿನಲ್ಲಿ ಬೆವರುತ್ತ ಕೂತಿತ್ತು.

ಬೋರಮ್ಮ ಅಡಿಗೆಮನೆಯ ಬಾಗಿಲಿನಿಂದ ನೋಡಿದಳು. ಗಡಿಯಾರ ಹನ್ನೆರಡು. ಶಾಮಿಯಾನದ ಹಿಂದಿನ ಸಾಲಿನಲ್ಲಿ ಚೈತ್ರಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಒಮ್ಮೆ ಮಗಳನ್ನೂ ಒಮ್ಮೆ ಮೊಬೈಲಿನ ಗಂಟೆಯನ್ನೂ ನೋಡುತ್ತಿದ್ದಳು. ಇನ್ನೂ ಹತ್ತು ಜನ ಬಾಕಿ. ಆ ಹತ್ತು ಜನ ಒಂದು ವಾಕ್ಯವನ್ನೂ ಬಿಟ್ಟುಕೊಡುವವರಲ್ಲ. ಇವರನ್ನು ಮಾತಿನಿಂದ ಎಬ್ಬಿಸುವುದಕ್ಕಾಗುವುದಿಲ್ಲ. ಮಾನಕ್ಕೆ ಹೇಳಿದರೆ ಕೇಳುವವರೂ ಅಲ್ಲ. ಇವರು ಏಳುವುದು ಒಂದಕ್ಕೇ.

ಅವಳು ಒಳಗೆ ಹೋಗಿ ಎಸರಿಗೆ ಹಿಟ್ಟು ಸುರಿದಳು. ಬೇಯುವವರೆಗೆ ಕಾದು, ಪಾತ್ರೆಯನ್ನು ಎರಡು ಪಾದದ ನಡುವೆ ಅಮುಕಿ ಹಿಡಿದು ಕೋಲಿನಿಂದ ಗಂಟಿಲ್ಲದಂತೆ ತೊಳಸಿದಳು. ಕೈ ಒದ್ದೆ ಮಾಡಿಕೊಂಡು ಹದಿನಾಲ್ಕು ಮುದ್ದೆ ಕಟ್ಟಿದಳು. ಹದಿಮೂರು ಗೆಸ್ಟುಗಳಿಗೆ, ಒಂದು ಹೆಡ್‌ಮೇಷ್ಟ್ರಿಗೆ. ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಕಿಟಕಿಯನ್ನು ಅಗಲವಾಗಿ ತೆರೆದಿಟ್ಟು, ಕೈ ಒರೆಸಿಕೊಂಡು ವೇದಿಕೆಯ ಹಿಂಬದಿಯಿಂದ ಹತ್ತಿದಳು.

“ಅಧ್ಯಕ್ಷರೇ,” ಎಂದು ಪ್ರಕಾಶನ ಕಿವಿಯ ಹತ್ತಿರ ಬಗ್ಗಿದಳು. “ಮುದ್ದೆ ಕಟ್ಬುಟ್ಟಿವ್ನಿ. ಆರೋಯ್ತವೆ.”

ಆ ಸೀಮೆಯಲ್ಲಿ ಯಾರನ್ನಾದರೂ ಕಾಯಿಸಬಹುದು, ಕಟ್ಟಿದ ಮುದ್ದೆಯನ್ನು ಕಾಯಿಸುವಂತಿಲ್ಲ. ಆರಿದ ಮುದ್ದೆ ನಾಟಿಕೋಳಿಗೆ ಅವಮಾನ. ಪ್ರಕಾಶ ಪಕ್ಕದವನ ಕಿವಿಗೆ ಹೇಳಿದ. ಸುದ್ದಿ ಕುರ್ಚಿಯಿಂದ ಕುರ್ಚಿಗೆ ಸಾಗಿತು. ಅದು ತಲುಪಿದಲ್ಲೆಲ್ಲ ಒಂದೊಂದು ಮೂಗು ಅಡಿಗೆಮನೆಯ ಕಡೆ ತಿರುಗುವುದನ್ನು ಬೋರಮ್ಮ ನಿಂತು ನೋಡಿದಳು. ಲೇಔಟಿನ ಸಾಹೇಬ ಆಗಲೇ ಶಾಲು ಮಡಚಿದ. ಮಾಜಿ ಸದಸ್ಯನಿಗೆ ಚೀಟಿ ಹೋಯಿತು. ಅವನು ದೇಶದ ಭವಿಷ್ಯವನ್ನು ಅಲ್ಲಿಗೇ ಬಿಟ್ಟು, ಸಮಯದ ಅಭಾವದಿಂದ ಮಾತು ಮುಗಿಸುತ್ತೇನೆ ಎಂದು ಕೈಮುಗಿದ. ಊಟ ಮುಗಿಸಿ ಬಂದು ಸಭೆ ಮುಂದುವರಿಸುತ್ತೇವೆ ಎಂದು ಹೇಳಿ ಹೆಡ್‌ಮೇಷ್ಟ್ರು ಕಡೆಯವರಾಗಿ ಇಳಿದರು.

ನಯನಾ ಮೇಡಂ ಕೋಳಿ ತಿನ್ನುತ್ತಿರಲಿಲ್ಲ. ವೇದಿಕೆಯ ಮೇಲೆ ಮೈಕಿನೊಂದಿಗೆ ಅವರೊಬ್ಬರೇ ಉಳಿದಿದ್ದರು. ಬೋರಮ್ಮ ಹಾರ ಬಿದ್ದಿದ್ದ ಕುರ್ಚಿಗಳನ್ನು ಹಿಂದಕ್ಕೆ ತಳ್ಳಿದಳು. “ಸುರು ಮಾಡಿ ಮೇಡಮ್ಮಾರೆ. ಮೂಳೆ ಚೀಪಕೆ ಒಂದ್ ಗಂಟೆ ಬೇಕು ಅವ್ರಿಗೆ.”

ನವ್ಯಶ್ರೀ ತೆವಳಿಕೊಂಡು ಬಂದಳು. ಹಸಿರು ಸೀರೆಯ ಸೊಪ್ಪನ್ನು ಅಂಚಿನಿಂದ ಅಂಚಿಗೆ ಕರಕರ ಮೇಯ್ದಳು. ಜ್ವರಕ್ಕೆ ಕೂತು, ತಲೆ ಎತ್ತಿ, ಅಲುಗದೆ ನಿಂತಳು. ಹಿಂದಿನ ಸಾಲಿನ ಹೆಂಗಸೊಬ್ಬಳು, “ಅಯ್ಯೋ, ನಮ್ಮನೆ ಹುಳ ನೋಡ್ದಂಗೇ ಐತೆ ಕಣೆ” ಎಂದಳು. ನಾಲ್ಕೂ ಜ್ವರ ಎದ್ದು, ಗೂಡು ಕಟ್ಟುವ ಹದಕ್ಕೆ ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರು ತಟ್ಟಿ ಹತ್ತಿ, ಬಿಳಿ ನೂಲು ಸುತ್ತಿಕೊಂಡು ಗೂಡಿನೊಳಗೆ ಮುದುಡುವವರೆಗೂ ಚೈತ್ರಾ ನಿಂತೇ ನೋಡಿದಳು. ಹನ್ನೆರಡೂ ಮುಕ್ಕಾಲಿಗೆ ಅವಳು ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಹೋಗುವಾಗ ಮಗಳತ್ತ ಒಮ್ಮೆ ತಲೆಯಾಡಿಸಿದಳು, ಅಷ್ಟೆ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು.

ಒಂದೂವರೆಗೆ ಅತಿಥಿಗಳು ಹಲ್ಲಿನ ಸಂದು ಕೆದಕುತ್ತ ಹೊರಗೆ ಬಂದಾಗ ಶಾಮಿಯಾನ ಖಾಲಿಯಾಗಿತ್ತು. ಮಕ್ಕಳು ಸಾಲಾಗಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಪ್ರಕಾಶ ಅಡಿಗೆಮನೆಗೆ ಬಂದ.

“ಎರಡ್ ಗಂಟ್ಗೆ ಅಂದಿದ್ನಲ್ಲ ಬೋರಕ್ಕ. ಹನ್ನೆರಡಕ್ಕೇ ಯಾಕ್ ಕಟ್ದೆ? ಸಾಹೇಬ್ರು ಇನ್ನಾ ಮಾತೇ ಆಡಿಲ್ಲ. ಬರೋ ವರ್ಸ ಬ್ಯಾರೆಯೋರ್ನ ನೋಡ್ಕಬೇಕಾಯ್ತದೆ.”

“ನೋಡ್ಕಳಪ್ಪ,” ಎಂದಳು ಬೋರಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ. “ಮುದ್ದೆ ಕಟ್ದೋಳು ನಾನು. ಎದ್ ಬಂದೋರು ನೀವು.”

ಪ್ರಕಾಶ ವೇದಿಕೆಯ ಕಡೆಗೆ ನಡೆದ. ಹೊರಗೆ ಮೈಕು ಮತ್ತೆ ಗೊರಗುಟ್ಟಿತು. ಲೇಔಟಿನ ಸಾಹೇಬ ಪೇಟ ಸರಿಮಾಡಿಕೊಂಡು, ಫೋಟೊದವನು ಸಿದ್ಧನಾದನೇ ಎಂದು ನೋಡಿಕೊಂಡು, ಅರವತ್ತು ಖಾಲಿ ಕುರ್ಚಿಗಳಿಗೆ ಆತ್ಮೀಯ ಪೋಷಕ ಬಂಧುಗಳೇ ಎಂದು ನಮಸ್ಕಾರ ಹೇಳಿದ. ಬೋರಮ್ಮ ಎಂಜಲೆಲೆಗಳನ್ನು ಮಡಚಿ ಹಿತ್ತಲಿಗೆ ಒಯ್ದಳು. ಬೆಳಗಿನಿಂದ ಅಲ್ಲೇ ಕಾದಿದ್ದ ನಾಯಿ ಎದ್ದು ಬಂದು ಎಲೆ ಮೂಸಿ ನೋಡಿ, ಮೂಳೆಯಲ್ಲಿ ಏನೂ ಉಳಿಸಿಲ್ಲವೆಂದು ತಿಳಿದು, ಹೋಗಿ ಮತ್ತೆ ನೆರಳಿನಲ್ಲಿ ಮಲಗಿತು.