ಎಡತೊರೆ ಪೇಟೆಯ ಹಿಂದಿನ ಗೋಡೆ

ಹೊಳೆ ಉಕ್ಕಿ ಎಡತೊರೆ ಪೇಟೆಯನ್ನು ಕೊಚ್ಚಿಕೊಂಡು ಹೋದ ಮೇಲೆ ಸರ್ಕಾರ ಊರನ್ನೇ ದಿಬ್ಬದ ಮೇಲೆ ಹೊಸದಾಗಿ ಕಟ್ಟುವುದೆಂದು ತೀರ್ಮಾನಿಸಿತು. ಹಳೇ ಪೇಟೆಯಲ್ಲಿ ಅಂಗಡಿ ಇದ್ದವರಿಗೆ ಹೊಸ ಊರಿನ ದೊಡ್ಡ ಬೀದಿಯಲ್ಲಿ ಜಾಗ. ಬರೀ ಮನೆ ಇದ್ದವರಿಗೆ ಕೆರೆಯ ಕಡೆ. ಅಲ್ಲಿ ವ್ಯಾಪಾರ ಮಾಡುವಂತಿಲ್ಲ. ಆದರೆ ಯಾರ ಅಂಗಡಿ ಎಲ್ಲಿತ್ತು ಎಂದು ತೋರಿಸಲು ಮೊಣಕಾಲುದ್ದ ಮಣ್ಣು ಬಿಟ್ಟು ಏನೂ ಉಳಿದಿರಲಿಲ್ಲ. ಹಾಗಾಗಿ ಶಾನುಭೋಗರು ಚಾವಡಿಯಲ್ಲಿ ದೊಡ್ಡ ಹಾಳೆ ಹರಡಿಕೊಂಡು, ಹಳೇ ವ್ಯಾಪಾರಿಗಳನ್ನು ಸುತ್ತ ಕೂರಿಸಿಕೊಂಡು, ಅವರ ನೆನಪಿನಿಂದಲೇ ಪೇಟೆಯ ನಕ್ಷೆ ಬರೆಯುತ್ತಿದ್ದರು.

ಎರಡು ದಿನದಿಂದ ಇದೇ ನಡೆದಿತ್ತು. ಕೆಲಸ ಒಂದು ಗಂಟೆಯದು. ಉಳಿದದ್ದೆಲ್ಲ ಬಾಯಿಚಪಲ.

“ಭಟ್ರ ಕಾಫಿ ಓಟ್ಲಿಂದ ಎಡಕ್ಕೆ ಚಿಕ್ಕಬೀರಮ್ಮನ ಕಡ್ಲೆಪುರಿ ಅಂಗ್ಡಿ ಕಣ್ರೀ,” ಎಂದ ಎಣ್ಣೆ ವ್ಯಾಪಾರಿ ನಂಜಣ್ಣ. “ಬೆಳ್ಳುಳ್ಳಿ ಜಜ್ಜಿ ಆಕೋಳು. ಆ ಕಾರ ಇನ್ನೆಲ್ ಸಿಕ್ಕದು ಬುಡಿ.”

“ಎಡಕ್ಕಲ್ಲ, ಬಲಕ್ಕೆ,” ಎಂದ ಬಳೆ ಅಂಗಡಿಯ ಇಮಾಮ್ ಸಾಬ್.

“ಒಳೆ ಕಡೆ ಮಕ ಮಾಡಿ ನಿಂತ್ಕ, ಎಡಕ್ಕೇ ಬತ್ತದೆ.”

“ಒಳೆ ಕಡೆ ಮಕ ಮಾಡ್ಕಂಡ್ ನಿಂತಿದ್ಕೇ ನಿನ್ ಅಂಗ್ಡಿ ಎಲ್ರುಗಿಂತ ಮೊದ್ಲು ಓಗಿದ್ದು.”

ಎಲ್ಲರೂ ನಕ್ಕರು. ಶಾನುಭೋಗರೂ ನಕ್ಕು ಎಡಕ್ಕೇ ಬರೆದುಕೊಂಡರು. ಅಂಕಯ್ಯನ ಹಗ್ಗದ ಅಂಗಡಿ, ಮರಮ್ಮನ ವಡೆ ಬಾಣಲೆ, ಎಲ್ಲಕ್ಕೂ ಒಂದೊಂದು ಚೌಕ ಬಿತ್ತು. ಬದುಕಿದ್ದಾಗ ಸಾಲ ಹೇಳಿ ಮರಮ್ಮನನ್ನು ಗೋಳುಹೊಯ್ದುಕೊಂಡವರೇ ಈಗ ಅವಳ ವಡೆ ನೆನೆದು ಕಣ್ಣೊರೆಸಿಕೊಂಡರು.

ಬಟ್ಟೆ ವ್ಯಾಪಾರಿ ಶಿವನಂಜಪ್ಪ ಮಾತ್ರ ನಗಲಿಲ್ಲ. ಪೇಟೆಯ ಸಾಲು ಮುಗಿಯುತ್ತ ಬಂದಿತ್ತು. ಇನ್ನು ಉಳಿದದ್ದು ಅವನ ಅಂಗಡಿಯ ಹಿಂದಿನ ಓಣಿ. ಚಾವಡಿಯ ಕಂಬದ ಬಳಿ ಆಮಿನಾಬಿ ಕುಳಿತಿದ್ದಳು. ಅರವತ್ತು ದಾಟಿದ ವಿಧವೆ. ಬೆಳಿಗ್ಗೆ ಅವನ ಬಿಡಾರದ ಹಿತ್ತಲಿಗೆ ಬಂದು ಕೇಳಿಕೊಂಡಿದ್ದಳು.

“ಸಾವ್ಕಾರ್ರೇ, ಪೇಟೆಯೋರು ಇಬ್ರು ಸಾಕ್ಸಿ ಯೋಳ್ಬೇಕಂತೆ. ಒಬ್ರು ಬ್ಯಾರೆ ಜಾತಿಯೋರಾಗ್ಬೇಕಂತೆ. ನಮ್ಮೋರ ಪೈಕಿ ಇಮಾಮ್ ಸಾಬ್ ಯೋಳ್ತಾರೆ. ನೀವೊಂದ್ ಮಾತು ಯೋಳಿ.”

“ಯೋಳ್ತೀನಿ ನಡಿ ಬೂಬಮ್ಮ,” ಎಂದಿದ್ದ. ಹೇಳುವ ಮನಸ್ಸೂ ಇತ್ತು.

ಅವಳದು ಅಡಿಗೆ ಅಂಗಡಿ. ಮುಂಬಾಗಿಲು ಗಾಡಿ ನಿಲ್ಲುವ ಬಯಲಿಗೆ. ಪಿರಿಯಾಪಟ್ಟಣದ ಕಡೆಯಿಂದ ಹೊಗೆಸೊಪ್ಪು ತರುವ ಗಾಡಿಯವರು ಅಲ್ಲಿ ರೊಟ್ಟಿ, ಖೀಮಾ ತಿನ್ನುತ್ತಿದ್ದರು. ಹಿಂದಿನ ಗೋಡೆ ಓಣಿಗೆ; ಆ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಕತ್ತಲಾಗುವ ಹೊತ್ತಿಗೆ ಪೇಟೆಯ ಶಿವಭಕ್ತರು ಒಬ್ಬೊಬ್ಬರಾಗಿ ಓಣಿಗೆ ಬಂದು ಕಿಂಡಿಯ ಪಕ್ಕ ಎರಡು ಸಲ ತಟ್ಟುತ್ತಿದ್ದರು. ಒಳಗಿನಿಂದ ಮುತ್ತುಗದ ಎಲೆಯ ಪೊಟ್ಟಣ ಬರುತ್ತಿತ್ತು. ಮಾತಿಲ್ಲ, ಹೆಸರಿಲ್ಲ. ಪೊಟ್ಟಣದ ಮೇಲೆ ಎರಡು ಲವಂಗ ಇಟ್ಟಿರುತ್ತಿದ್ದಳು, ತಿಂದು ಮನೆಗೆ ಹೋದರೆ ಬಾಯಿ ನಾರಬಾರದಲ್ಲ. ಗಾಡಿಯವರಿಗೆ ಲವಂಗ ಇರಲಿಲ್ಲ. ಶಿವನಂಜಪ್ಪ ಇಪ್ಪತ್ತನೇ ವಯಸ್ಸಿನಿಂದ ಆ ಗೋಡೆಗೆ ಒರಗಿ ತಿಂದವನು. ನಂಜಣ್ಣನೂ ತಿಂದವನೇ. ಕತ್ತಲಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

“ಇನ್ನು ಓಣಿ,” ಎಂದರು ಶಾನುಭೋಗರು. “ಇಲ್ಲಿ ಆಮಿನಾಬಿ ಅಂತ ಒಬ್ಬಾಕೆ ಅರ್ಜಿ ಇದೆ. ಅಡಿಗೆ ಅಂಗಡಿ ಇತ್ತಂತೆ. ಯಾರು ಹೇಳ್ತೀರಿ?”

“ಇತ್ತು ಸ್ವಾಮಿ. ನಾನ್ ಬಲ್ಲೆ,” ಎಂದ ಇಮಾಮ್ ಸಾಬ್.

“ಇನ್ನೊಬ್ಬರು?”

ಆಮಿನಾಬಿ ಶಿವನಂಜಪ್ಪನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡ. ಗಾಡಿಯವರು ಉಣ್ಣುವುದನ್ನು ಕಂಡಿದ್ದೆ ಎನ್ನಬೇಕೆಂದು ಮಾತು ಜೋಡಿಸಿಕೊಂಡಿದ್ದ. ಅಷ್ಟು ಹೇಳಿದರೆ ಯಾರ ಜಾತಿಯೂ ಕೆಡುವುದಿಲ್ಲ.

“ಸ್ವಾಮಿ, ನನ್ ಅಂಗ್ಡಿ ಇಂದ್ಗಡೆ...”

“ಒಂದು ನಿಮಿಷ,” ಎಂದು ಶಾನುಭೋಗರು ಪೆಟ್ಟಿಗೆಯಿಂದ ಒಂದು ಹಳೇ ಕಾಗದ ತೆಗೆದರು. ಕಚೇರಿ ಎತ್ತರದಲ್ಲಿದ್ದುದರಿಂದ ಅಲ್ಲಿನ ಕಾಗದಗಳು ನೆನೆದಿರಲಿಲ್ಲ. “ಹನ್ನೊಂದು ವರ್ಷದ ಹಿಂದೆ ಯಾರೋ ದೂರು ಕೊಟ್ಟಿದ್ರು, ಮಠಕ್ಕೆ ಹೋಗೋ ದಾರೀಲಿ ಮಾಂಸದ ಅಡಿಗೆ ಮಾರ್ತಾರೆ ಅಂತ. ಅದಕ್ಕೆ ಪೇಟೆಯವರು ಕೊಟ್ಟ ಉತ್ತರ ಇದು.” ಎತ್ತರದ ದನಿಯಲ್ಲಿ ಓದಿದರು: “‘ಸದರಿ ಓಣಿಯಲ್ಲಿ ಯಾವ ಅಂಗಡಿಯೂ ಇರುವುದಿಲ್ಲ. ಅಲ್ಲಿ ಒಬ್ಬ ಬಡ ವಿಧವೆಯು ತನ್ನ ಹೊಟ್ಟೆಗೆ ಮಾತ್ರ ಬೇಯಿಸಿಕೊಳ್ಳುತ್ತಾಳೆ. ಇದು ಸತ್ಯ.’ ಮೊದಲ ಸಹಿ ಶಿವನಂಜಪ್ಪ. ಎರಡನೇದು ನಂಜಣ್ಣ. ಕೆಳಗೆ ಇನ್ನೂ ಏಳು.”

ಅದನ್ನು ಬರೆದವನು ಶಿವನಂಜಪ್ಪನೇ. ಅಂಗಡಿ ಮುಚ್ಚಿಸಿಬಿಟ್ಟರೆ ಸಂಜೆಯ ಪೊಟ್ಟಣಕ್ಕೆ ಏನು ಗತಿ ಎಂದು ಒಂಬತ್ತು ಜನ ಕೂಡಿ ಕೊಟ್ಟ ಕಾಗದ. ಅಂಗಡಿ ಉಳಿಯಿತು. ಆ ಸಂಜೆ ಆಮಿನಾಬಿ ಒಂಬತ್ತೂ ಜನಕ್ಕೆ ಪುಕ್ಕಟೆ ಖೀಮಾ ಕೊಟ್ಟಿದ್ದಳು.

“ಈಗ ಹೇಳಿ,” ಎಂದರು ಶಾನುಭೋಗರು. “ಅಂಗಡಿ ಇತ್ತೋ ಇಲ್ವೋ? ಇತ್ತು ಅಂದ್ರೆ ಆವತ್ತು ಸರ್ಕಾರಕ್ಕೆ ಸುಳ್ಳು ಬರಕೊಟ್ರಿ ಅಂತಾಯ್ತು. ಯಾಕೆ ಬರಕೊಟ್ರಿ ಅಂತ ನಾನು ಕೇಳಲೇಬೇಕಾಗುತ್ತೆ, ನೀವು ಹೇಳಲೇಬೇಕಾಗುತ್ತೆ.”

ಚಾವಡಿಯಲ್ಲಿ ಮೂವತ್ತು ಜನರಿದ್ದರು. ಶಿವನಂಜಪ್ಪನ ಮಗಳ ಮದುವೆ ಸಾಲಿಗ್ರಾಮದ ಮನೆತನಕ್ಕೆ ನಿಶ್ಚಯವಾಗಿತ್ತು. ಬೀಗರಾಗುವವರು ಮಠದ ಆಡಳಿತ ನೋಡಿಕೊಳ್ಳುವವರು. ಇಲ್ಲಿ ಆಡಿದ ಮಾತು ಹೊತ್ತು ಮುಳುಗುವ ಮೊದಲು ಅಲ್ಲಿರುತ್ತದೆ. ಅವನು ನಂಜಣ್ಣನ ಕಡೆ ನೋಡಿದ. ನಂಜಣ್ಣ ತನ್ನ ಕಾಲಿನ ಉಗುರನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

“ಒಗೆ ಬರೋದು,” ಎಂದ ಶಿವನಂಜಪ್ಪ.

“ಹೊಗೆ ಮನೆಯಿಂದಲೂ ಬರುತ್ತೆ. ಅಂಗಡಿ?”

“ಗಾಡಿಯೋರು ಬರೋರು, ಓಗೋರು...”

“ಗಾಡಿಯವರು ನೀರು ಕುಡಿಯೋದಕ್ಕೂ ಬರ್ತಾರೆ. ಅಂಗಡಿ ನೋಡಿದ್ರಾ ನೀವು?”

“ನಾನು ಆ ಓಣಿಗೆ ಕಾಲಿಟ್ಟೋನಲ್ಲ ಸ್ವಾಮಿ,” ಎಂದುಬಿಟ್ಟ.

ಶಾನುಭೋಗರು ಆಮಿನಾಬಿಯ ಕಡೆ ತಿರುಗಿದರು. ಕೆಟ್ಟ ಮನುಷ್ಯರೇನಲ್ಲ ಅವರು. “ನೋಡಮ್ಮ, ಗಾಡಿಯವರ ಸಾಕ್ಷಿ ನಡಿಯೋದಿಲ್ಲ. ಪೇಟೆಯವರು ಯಾರಾದ್ರೂ ನಿನ್ನ ಹತ್ರ ತಗೊಂಡು ತಿಂದಿದ್ರೆ ಹೆಸರು ಹೇಳು. ಒಂದೇ ಹೆಸರು ಸಾಕು. ಕರೆದು ಕೇಳ್ತೀನಿ.”

ಒಂಬತ್ತು ಜನರಲ್ಲಿ ಆರು ಜನ ಅಲ್ಲೇ ಇದ್ದರು. ಒಬ್ಬ ಎದ್ದು ಹೊರಗೆ ಹೋಗಬೇಕೆಂದುಕೊಂಡ. ಎದ್ದರೆ ಗುರುತಾಗುತ್ತದೆಂದು ಕುಳಿತ.

ಆಮಿನಾಬಿ ತಲೆಯೆತ್ತಿ ಒಂದು ಸುತ್ತು ನೋಡಿದಳು. ಶಿವನಂಜಪ್ಪನ ಮುಖದ ಮೇಲೆ ಅವಳ ಕಣ್ಣು ಉಳಿದವರ ಮೇಲೆ ನಿಂತಷ್ಟೇ ನಿಂತಿತು.

“ಮಕ ನೋಡ್ತಿರ್ಲಿಲ್ಲ ಬುದ್ಧಿ,” ಎಂದಳು. “ಬರೀ ಕೈ ಬರೋವು.”

“ಕೈಗೆ ನಿವೇಶನ ಕೊಡೋಕಾಗೋಲ್ಲವಲ್ಲಮ್ಮ,” ಎಂದು ಶಾನುಭೋಗರು ಅರ್ಜಿಯ ಮೇಲೆ ಬರೆದರು: ಅಂಗಡಿ ರುಜುವಾತಾಗಿಲ್ಲ, ಮನೆ ಎಂದು ಪರಿಗಣಿಸಿ ಕೆರೆಯ ಕಡೆ ಕೊಡುವುದು. ಹೆಬ್ಬೆಟ್ಟು ಒತ್ತಿಸಿಕೊಂಡರು.

ಅವಳು ಹೊರಗೆ ಹೋದಳು. ಶಿವನಂಜಪ್ಪ ಉಗುಳಲು ಹೋದವನಂತೆ ಹಿಂದೆಯೇ ಹೋಗಿ ಚಾವಡಿಯ ಮೂಲೆಯಲ್ಲಿ ನಿಂತ. ಹತ್ತಿರ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡೇ ಮಾತಾಡಿದ.

“ನನ್ ಎಸ್ರು ಯೋಳ್ಬೋದಿತ್ತು ಬೂಬಮ್ಮ.”

“ಯೋಳಿದ್ರೆ ಊ ಅಂತಿದ್ರಾ?”

ಅವನು ಚಾವಡಿಯ ಕಡೆ ತಿರುಗಿ ನೋಡಿದ.

“ಮತ್ಯಾಕೆ? ನಂದು ಸುಳ್ಳಾಗೋದು. ಅದ್ರ ಮ್ಯಾಲೆ ತಿಂದೋರ ಎಸ್ರು ಯೋಳ್ದೋಳ ತಾವ ಯಾರ್ ಬತ್ತಾರೆ? ದೊಡ್ ಬೀದೀಲಿ ಅಂಗ್ಡಿ ಇಟ್ಕಂಡು ನೊಣ ಒಡೀಲಾ?” ಸೆರಗಿನಿಂದ ಹೆಬ್ಬೆಟ್ಟಿನ ಮಸಿ ಒರೆಸಿಕೊಂಡಳು. ಅದು ಹೋಗಲಿಲ್ಲ, ಸೆರಗಿಗೂ ಹತ್ತಿತು. “ಗಾಡಿಗಳು ಕೆರೆ ಕಡೆ ಬರಲ್ಲ. ಉಣಸೂರಲ್ಲಿ ತಂಗಿ ಮಗ ಅವ್ನೆ. ಅವ್ನ ಎಂಡ್ತಿಗೆ ರೊಟ್ಟಿ ತಟ್ಕಂಡು ಬಿದ್ದಿರ್ತೀನಿ. ಇನ್ನೇನೈತೆ.”

“ಬೇಕಾದ್ರೆ ನಾನು ಏನಾದ್ರೂ...”

“ಏನ್ ಕೊಡ್ತೀರಿ ಸಾವ್ಕಾರ್ರೇ? ಒಂದ್ ಸೀರೆನಾ?” ಎಂದು ನಕ್ಕಳು. ನಗುವಿನಲ್ಲಿ ಕೊಂಕಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಅವಳು ಇಳಿಜಾರಿನಲ್ಲಿ ಕೆಸರು ತಪ್ಪಿಸಿಕೊಂಡು ನಡೆದಳು.

ಒಳಗಿನಿಂದ ಕರೆ ಬಂತು. ನಕ್ಷೆ ಮುಗಿದಿತ್ತು. ಭಟ್ಟರ ಹೋಟೆಲು, ಚಿಕ್ಕಬೀರಮ್ಮ, ಅಂಕಯ್ಯ, ಮರಮ್ಮ, ಎಲ್ಲರೂ ತಮ್ಮ ತಮ್ಮ ಚೌಕದಲ್ಲಿದ್ದರು. ಶಿವನಂಜಪ್ಪನ ಅಂಗಡಿಯ ಹಿಂದೆ ಒಂದು ಗೆರೆ ಎಳೆದು ‘ಗೋಡೆ’ ಎಂದು ಬರೆದಿತ್ತು.

“ಇದು ಹಳೇ ಪೇಟೆಯ ಸರಿಯಾದ ನಕ್ಷೆ ಅಂತ ಹಿರಿಯ ವ್ಯಾಪಾರಿ ಮೊದಲು ಸಹಿ ಹಾಕಬೇಕು,” ಎಂದು ಶಾನುಭೋಗರು ಲೇಖನಿ ಕೊಟ್ಟರು.

ಶಿವನಂಜಪ್ಪ ಹಾಳೆಯ ಮೇಲೆ ಬಗ್ಗಿದ. ಮಸಿ ತುದಿಯಲ್ಲಿ ತೊಟ್ಟುಗಟ್ಟುತ್ತಿತ್ತು.

“ಬೇಗ ಆಕಣ್ಣ,” ಎಂದ ಹಿಂದಿನಿಂದ ನಂಜಣ್ಣ. “ಒಟ್ಟೆ ಅಸೀತದೆ.”

ಅವನು ಸಹಿ ಹಾಕಿದ.